ಗಾಯಕಿಯ ಜಡೆ, ಉಮ್ಮನ ಕುಪ್ಪಾಯ

ಆ ಗಾಯಕಿಯ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಈಗಲೂ ಬರುವುದಿಲ್ಲ. ಅವಳ ಒಂದು ಹಾಡನ್ನೂ ಪೂರ್ತಿ ಕೇಳಿದವನಲ್ಲ. ಅವಳ ಊರು ಭೂಪಟದಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಕನ್ನಡ ಮಾಸ್ತರನಾದ ನಾನು ಸಮಾಜದ ಮಾಸ್ತರರ ಕಡೆ ಕೈ ತೋರಿಸಿ ಜಾರಿಕೊಳ್ಳುತ್ತೇನೆ. ಹೀಗಿದ್ದರೂ ಹೋದ ತಿಂಗಳು ಬಂಟ್ವಾಳದ ನಮ್ಮ ಮನೆಯಲ್ಲಿ ಅವಳ ಜಡೆಯ ದೆಸೆಯಿಂದ ಬಡಿಸಿದ ನೀರುದೋಸೆ ತಣ್ಣಗಾಯಿತು, ಮಗಳು ಗೆಳತಿಯೊಡನೆ ಜಗಳವಾಡಿದಳು, ನಾನು ಯಾವ ಪಕ್ಷದವನೆಂದು ನನಗೇ ತಿಳಿಯದೆ ಒದ್ದಾಡಿದೆ. ಈಗ ಎಲ್ಲ ತಣ್ಣಗಾಗಿದೆ. ಗೊಂದಲ ಮಾತ್ರ ನನ್ನ ಬಳಿಯೇ ಉಳಿದಿದೆ. ನಿಮಗೂ ಸ್ವಲ್ಪ ಕೊಟ್ಟರೆ ಹಗುರಾದೀತು ಎಂಬ ಆಸೆ.

ಸಂಗತಿ ಇಷ್ಟು. ಆ ಗಾಯಕಿ ಹುಟ್ಟಿನಿಂದ ಬಿಳಿಯಳು. ಒಂದು ಆಲ್ಬಮಿಗಾಗಿ ಮೈಗೆ ಕಂದುಬಣ್ಣ ಬರಿಸಿಕೊಂಡು, ಕಪ್ಪು ಜನಾಂಗದವರು ಹಾಕುವ ಹಾಗೆ ತಲೆ ತುಂಬ ಸಣ್ಣ ಸಣ್ಣ ಜಡೆ ಹೆಣೆಸಿಕೊಂಡು, ಅವರ ಧಾಟಿಯಲ್ಲೇ ಹಾಡಿ ಲೋಕಪ್ರಸಿದ್ಧಳಾದಳು. ಮುಂದಿನ ಆಲ್ಬಮಿಗೆ ಎಲ್ಲವನ್ನೂ ಕಳಚಿ ಮತ್ತೆ ಬಿಳಿಯಳಾದಳು. ಇದು ಸರಿಯೋ ತಪ್ಪೋ ಎಂದು ಲೋಕವೆಲ್ಲ ಮೊಬೈಲಿನಲ್ಲಿ ಜಗಳವಾಡುತ್ತಿದೆಯಂತೆ. ಲೋಕ ಆಡಿದರೆ ಆಡಿಕೊಳ್ಳಲಿ. ಆದರೆ ಮೂಡಬಿದಿರೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವ ನನ್ನ ಮಗಳು ಅಫ್ರಾ ಮತ್ತು ಅವಳ ಗೆಳತಿ ಪ್ರತೀಕ್ಷಾ ಕೂಡ ಆಡಬೇಕೇ? ಪ್ರತೀಕ್ಷಾ ಬೆಳ್ತಂಗಡಿ ಕಡೆಯ ಹುಡುಗಿ, ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ರಜೆ ಸಿಕ್ಕಿದರೆ ಅರ್ಧ ಅವಳ ಮನೆಗೆ, ಅರ್ಧ ನಮ್ಮ ಮನೆಗೆ ಎಂಬಷ್ಟು ಬಳಕೆ. ಒಂದು ಭಾನುವಾರ ಇಬ್ಬರೂ ನಮ್ಮ ಊಟದ ಮೇಜಿನಲ್ಲೇ ನನ್ನನ್ನು ನ್ಯಾಯಾಧೀಶನನ್ನಾಗಿ ಮಾಡಿದರು.

"ಬಾಪಾ, ಅದೇ ಜಡೆ ಹಾಕಿದ್ದಕ್ಕೆ ಅಲ್ಲಿಯ ಕಪ್ಪು ಹುಡುಗಿಯರನ್ನು ಶಾಲೆಯಲ್ಲಿ ಬೈತಾರೆ, ಕೆಲಸಕ್ಕೆ ತೆಗೊಳ್ಳುವುದಿಲ್ಲ. ಇವಳು ಹಾಕಿದ್ರೆ ಫ್ಯಾಶನ್. ಸಾಕಾದಾಗ ಬಿಚ್ಚಿ ಇಡ್ತಾಳೆ. ಅವರಿಗೆ ಬಿಚ್ಚಿ ಇಡ್ಲಿಕ್ಕೆ ಆಗ್ತದಾ?" ಎಂದಳು ಅಫ್ರಾ.

ಸರಿ ಎನಿಸಿತು. ತಲೆಯಾಡಿಸಿದೆ.

"ಅಂಕಲ್, ಇಷ್ಟ ಆದದ್ದನ್ನು ಹಾಡಿದ್ರೆ ಅದು ಕಳ್ಳತನವಾ? ಹಾಗಾದ್ರೆ ಎಲ್ಲರೂ ಅವರವರ ಮನೆ ಬಾಗಿಲು ಹಾಕಿ ಒಳಗೆ ಕೂತ್ಕೊಳ್ಳುವ. ಯಾರೂ ಯಾರದ್ದೂ ಹಾಡುವುದು ಬೇಡ" ಎಂದಳು ಪ್ರತೀಕ್ಷಾ.

ಇದೂ ಸರಿ ಎನಿಸಿತು. ಮತ್ತೆ ತಲೆಯಾಡಿಸಿದೆ. ಎರಡೂ ಕಡೆಗೆ ತಲೆಯಾಡಿಸುವ ನ್ಯಾಯಾಧೀಶನನ್ನು ಇಬ್ಬರೂ ಒಟ್ಟಿಗೆ ವಜಾ ಮಾಡಿದರು. ಅವರಿಬ್ಬರು ಒಮ್ಮತಕ್ಕೆ ಬಂದದ್ದು ಆ ದಿನ ಅದೊಂದೇ ವಿಷಯಕ್ಕೆ.

ವಜಾ ಆದವನಿಗೆ ಯೋಚಿಸಲು ಬೇಕಾದಷ್ಟು ಸಮಯ. ಯೋಚಿಸುತ್ತ ಮೇಜಿನ ಮೇಲೆ ಕಣ್ಣಾಡಿಸಿದೆ. ನೀರುದೋಸೆ ಯಾರದ್ದು? ನಮ್ಮದು ಎಂದು ನಾನು ತಿನ್ನುತ್ತೇನೆ, ಪಕ್ಕದ ಮನೆಯವರೂ ಅವರದೆಂದೇ ತಿನ್ನುತ್ತಾರೆ. ಸಾರಿನ ಮೆಣಸು ಹಡಗು ಹತ್ತಿ ಬಂದದ್ದು ಎಂದು ಓದಿದ್ದೇನೆ. ಕರಾವಳಿಯ ಮುಸ್ಲಿಮರಾದ ನಾವು ಮನೆಯಲ್ಲಿ ಆಡುವ ಬ್ಯಾರಿ ಮಾತಿನಲ್ಲಿ ಮಲಯಾಳವಿದೆ, ತುಳುವಿದೆ, ಅರಬ್ಬಿಯಿದೆ. ನಮ್ಮೂರು ಬೆಳೆದದ್ದೇ ಹೊಳೆಯಲ್ಲಿ ದೋಣಿ ಬರುತ್ತಿದ್ದ ಕಾಲದಲ್ಲಿ, ಉಪ್ಪು ಇಳಿಸಿ ಅಕ್ಕಿ ಹೇರಿ. ಈಗ ದೋಣಿ ಇಲ್ಲದಿದ್ದರೂ ಹೊಳೆ ತನ್ನ ಹಳೆಯ ಚಾಳಿ ಬಿಟ್ಟಿಲ್ಲ. ಮಳೆಗಾಲದಲ್ಲಿ ನೆರೆ ಬಂದರೆ ಪೇಟೆಗೇ ನುಗ್ಗಿ, ಒಬ್ಬರ ಅಂಗಡಿಯ ಬೆಂಚನ್ನು ಇನ್ನೊಬ್ಬರ ಅಂಗಡಿಗೆ ಮುಟ್ಟಿಸಿ ಹೋಗುತ್ತದೆ. ನೀರಿಳಿದ ಮೇಲೆ ಬೆಂಚು ಯಾರದ್ದೆಂದು ಚರ್ಚೆ ನಡೆಯುವುದುಂಟು. ಚರ್ಚೆ ಮಾಡುವವರು ಕೂತಿರುವುದು ಅದೇ ಬೆಂಚಿನ ಮೇಲೆ.

ಇನ್ನು ನನ್ನ ಕತೆ. ಸಣ್ಣವನಿದ್ದಾಗ ಶಾಲೆಯ ಯಕ್ಷಗಾನದಲ್ಲಿ ಮುಖಕ್ಕೆ ಬಣ್ಣ ಬಳಿಸಿಕೊಂಡು ರಕ್ಕಸನ ಬಳಗದವನಾಗಿ ಅಬ್ಬರಿಸಿದ್ದೇನೆ. ದೊಡ್ಡವನಾದ ಮೇಲೆ ಹಳೆಗನ್ನಡ ಪದ್ಯಗಳನ್ನು ರಾಗವಾಗಿ ಓದಿ ಪಾಠ ಹೇಳಿಯೇ ಸಂಸಾರ ಸಾಕಿದ್ದೇನೆ. ಸಭೆಯಲ್ಲಿ ಮಾತಾಡಿ ಇಳಿದಾಗಲೆಲ್ಲ ಯಾರಾದರೊಬ್ಬರು ಕೈ ಹಿಡಿದುಕೊಂಡು, "ನೀವು ಬ್ಯಾರಿಯವರಾದ್ರೂ ಎಷ್ಟು ಚಂದ ಕನ್ನಡ ಮಾತಾಡ್ತೀರಿ ಮಾಷ್ಟ್ರೇ!" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಖುಷಿಯಾಗುತ್ತದೆ, ನೋವೂ ಆಗುತ್ತದೆ. ಹುಟ್ಟಿದ ಮನೆಯಲ್ಲೇ ನನ್ನನ್ನು ನೆಂಟನನ್ನಾಗಿ ಮಾಡಿ ಉಪಚರಿಸಿದ ಹಾಗೆ. ಹಾಗಾಗಿ ಇನ್ನೊಬ್ಬರದ್ದನ್ನು ಮುಟ್ಟಬಾರದೆಂದು ಮಗಳು ವಾದಿಸಿದಾಗ, ಮೊದಲ ಆರೋಪಿ ನಾನೇ ಅಲ್ಲವೇ ಎಂದು ಅಳುಕಿದೆ. ನಾನು ಮೆತ್ತಿಕೊಂಡದ್ದು ಯಾರ ಬಣ್ಣ? ಬಿಚ್ಚಿ ಇಡಲು ಹೋದರೆ ಒಳಗೆ ಯಾರು ಸಿಗುತ್ತಾರೆ? ಗೊತ್ತಾಗಲಿಲ್ಲ, ಇನ್ನೊಂದು ನೀರುದೋಸೆ ಹಾಕಿಸಿಕೊಂಡೆ.

ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗಿಯರು ಬ್ಯಾರಿ ಮದುವೆಯ ಮದರಂಗಿ ಹಾಡಿಗೆ ಕುಣಿತ ಕಟ್ಟಿದ್ದರು. ನಡುವೆ ಮದುಮಗಳು, ಸುತ್ತ ಕೈಚಪ್ಪಾಳೆ ತಟ್ಟುವ ಗೆಳತಿಯರು. ಹಾಡು ಅಫ್ರಾಳದ್ದು, ಕುಣಿಯಲು ಚುರುಕಾದ ಪ್ರತೀಕ್ಷಾ ಮದುಮಗಳು. ಅವಳಿಗೆಂದು ಅಫ್ರಾ ನನ್ನ ಉಮ್ಮನ, ಅಂದರೆ ತಾಯಿಯ, ಮದುವೆಯ ಉಡುಪನ್ನು ಕೊಂಡುಹೋಗಿದ್ದಳು. ಜರಿಯಂಚಿನ ಉದ್ದ ತೋಳಿನ ರವಿಕೆ, ನಾವು ಕುಪ್ಪಾಯ ಎನ್ನುವುದು. ಜೊತೆಗೆ ಅದೇ ಜರಿಯ ತಲೆವಸ್ತ್ರ. ಅಭ್ಯಾಸದ ಒಂದು ತುಣುಕನ್ನು ಪ್ರತೀಕ್ಷಾ ಮೊಬೈಲಿನಲ್ಲಿ ಹಾಕಿದಳು. ಹೊಗಳಿಕೆಯ ಮಳೆ. ತಲೆವಸ್ತ್ರದಲ್ಲಿ ಎಷ್ಟು ಚಂದ ಕಾಣ್ತಿ ಎಂದು ಕಂಡವರೆಲ್ಲ ಬರೆದರು. ಹಾಗೆ ಬರೆದವರಲ್ಲಿ ಒಬ್ಬ ಹುಡುಗ, ಹಿಂದಿನ ವರ್ಷ ಅಫ್ರಾಳನ್ನು ಕಂಡು, ತಲೆಗೆ ಅದನ್ನು ಸುತ್ತಿಕೊಂಡು ಕಾಲೇಜಿಗೆ ಯಾಕೆ ಬರುವುದು, ಮನೆಯಲ್ಲಿ ಕೂತರೆ ಆಗದಾ ಎಂದು ಎಲ್ಲರಿಗೂ ಕೇಳುವಂತೆ ಹೇಳಿದವನು.

ಆ ಮಾತನ್ನು ಅಫ್ರಾ ಆಗ ನಮಗೆ ಹೇಳಿರಲಿಲ್ಲ. ಈಗ ಹೇಳಿದಳು, ಅದೂ ನನಗಲ್ಲ, ಅಭ್ಯಾಸದ ನಡುವೆ ಪ್ರತೀಕ್ಷಾಳ ಮುಖಕ್ಕೇ. "ಅದೇ ಬಟ್ಟೆ. ನನ್ನ ತಲೆಯಲ್ಲಿದ್ರೆ ಪ್ರಶ್ನೆ, ನಿನ್ನ ತಲೆಯಲ್ಲಿದ್ರೆ ಚಪ್ಪಾಳೆ. ನೀನೂ ಆ ಹಾಡಿನವಳ ಹಾಗೆಯೇ. ನಮ್ಮ ಬಟ್ಟೆ ತೆಗೆದು ಕೊಡು."

ಪ್ರತೀಕ್ಷಾಳಿಗೆ ರೋಷ ಉಕ್ಕಿತು. "ನಿನಗೆ ಯಾಕೆ ಕೊಡ್ಬೇಕು? ಅಜ್ಜಿಯದ್ದು. ಅಜ್ಜಿಗೇ ಕೊಡ್ತೇನೆ" ಎಂದು ಬ್ಯಾಗು ಎತ್ತಿಕೊಂಡು ಹೊರಟವಳು, ನಿಲ್ದಾಣದಲ್ಲಿ ಹೊರಟು ನಿಂತಿದ್ದ ಬಂಟ್ವಾಳದ ಬಸ್ಸು ಹತ್ತಿಯೇಬಿಟ್ಟಳು. ಕೊಡಬೇಕಾದ ಬಟ್ಟೆ ತನ್ನ ಮೈಮೇಲೆಯೇ ಇದೆ ಎಂದು ಅವಳಿಗೆ ನೆನಪಾದದ್ದು ಸಿದ್ಧಕಟ್ಟೆಯ ಹತ್ತಿರ.

ಆಗಲೇ ತಡವಾಗಿತ್ತು. ಕಂಡಕ್ಟರು ಬ್ಯಾರಿಯಲ್ಲಿ ಮಾತಾಡಿಸಿದ್ದ. ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟು, ಯಾವ ಮನೆಯ ಮದುಮಗಳು, ಒಬ್ಬಳೇ ಯಾಕೆ ಹೊರಟದ್ದು ಎಂದೆಲ್ಲ ಕೇಳಿದ್ದರು. ಬ್ಯಾರಿ ಬಾರದ ಮದುಮಗಳು ಬರೀ ನಕ್ಕಿದ್ದಳು. ಹಿಂದಿನ ಸೀಟಿನಲ್ಲಿ ಅವಳ ತಂದೆಯ ಗುರುತಿನವರೊಬ್ಬರು ಮಾತ್ರ ನಗಲಿಲ್ಲ. ಅವರು ಬೆಳ್ತಂಗಡಿಗೆ ಫೋನು ಮಾಡಿದರು. "ನಿಮ್ಮ ಮಗಳು ಬ್ಯಾರಿ ಮದುಮಗಳ ಉಡುಪಿನಲ್ಲಿ ಬಂಟ್ವಾಳದ ಬಸ್ಸಿನಲ್ಲಿ ಇದ್ದಾಳೆ. ನಿಮಗೆ ಗೊತ್ತುಂಟಾ?"

ಈ ಒಂದು ವಾಕ್ಯ ನಮ್ಮ ಊರುಗಳಲ್ಲಿ ಏನೇನು ಮಾಡಬಲ್ಲದೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಹಿಂದೂ ಹುಡುಗಿಯೊಬ್ಬಳು ಬ್ಯಾರಿ ಉಡುಪಿನಲ್ಲಿ ಹೊರಟಳೆಂದರೆ ಓಡಿಹೋದಳೆಂದೇ ಸುದ್ದಿ, ಬಸ್ಸು ತಡೆಯಲು ಜನ ಸೇರುವುದಕ್ಕೆ ಅಷ್ಟು ಸಾಕು. ಗಾಯಕಿಯ ಜಡೆ ಎಲ್ಲಿಂದ ಎಲ್ಲಿಗೆ ಬಂದು ಸುತ್ತಿಕೊಂಡಿತೆಂದು ಯೋಚಿಸಿದರೆ ನನಗೆ ಈಗಲೂ ಭಯವಾಗುತ್ತದೆ.

ಉಮ್ಮ ಜಗಲಿಯಲ್ಲಿ ಕೂತು ಮೀನಿನವನ ಹಾರ್ನಿಗೆ ಕಾಯುತ್ತಿದ್ದರು. ತನ್ನ ಮದುವೆಯ ಕುಪ್ಪಾಯ ಅಂಗಳ ದಾಟಿ ನಡೆದು ಬರುವುದನ್ನು ಕಂಡರು. ಮೊದಲು ಕೇಳಿದ್ದು, "ಇದರ ಗುಂಡಿ ತಪ್ಪು ಹಾಕಿದ್ದು ಯಾರು?" ಗುಂಡಿ ಸರಿಮಾಡಿದ ಮೇಲೆ ಎರಡನೇ ಪ್ರಶ್ನೆ, "ಇದನ್ನು ನನ್ನ ಪೆಟ್ಟಿಗೆಯಿಂದ ತೆಗೆದದ್ದು ಯಾರು?" ಅವರು ಕೇಳಿದ್ದು ತುಳುವಿನಲ್ಲಿ, ಪ್ರತೀಕ್ಷಾ ಉತ್ತರಿಸಿದ್ದೂ ತುಳುವಿನಲ್ಲಿ. ಇಬ್ಬರ ಅಪ್ಪಣೆಯನ್ನೂ ಕೇಳದೆ ನಾನಿಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಹಿಂದಿನಿಂದ ಬಂದ ಬಸ್ಸಿನಲ್ಲಿ ಅಫ್ರಾ ಏದುಸಿರು ಬಿಡುತ್ತ ಬಂದು ಮುಟ್ಟಿದಳು. ನಮ್ಮ ಬಟ್ಟೆ, ನಮ್ಮ ಸಂಸ್ಕೃತಿ ಎಂದು ಏನೋ ಹೇಳಲು ಹೊರಟವಳನ್ನು ಉಮ್ಮ ತಡೆದರು. "ನಮ್ಮದು ಅಂದ್ರೆ ಯಾರದ್ದು? ಇದು ನನ್ನದು. ನನ್ನ ಹತ್ರ ಒಂದು ಮಾತು ಕೇಳಿದ್ಯಾ ನೀನು?"

ಅಫ್ರಾ ಗಾಯಕಿಯ ಮೇಲೆ ಹೊರಿಸಿದ್ದ ಅಪರಾಧ ಹೀಗೆ ನಮ್ಮ ಅಟ್ಟದ ಪೆಟ್ಟಿಗೆಯಿಂದಲೇ ಹೊರಬಿದ್ದಾಗ ನನಗೆ ನಗು ಬಂತು. ನಗುವಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟಿಯ ಸದ್ದಾಯಿತು. ಪ್ರತೀಕ್ಷಾಳ ಅಮ್ಮ ಸುಮತಿ. ಬೆಳ್ತಂಗಡಿಯಿಂದ ಪುಂಜಾಲಕಟ್ಟೆಯ ಆ ಕೆಟ್ಟ ರಸ್ತೆಯಲ್ಲಿ ಅಷ್ಟು ಬೇಗ ಹೇಗೆ ಬಂದರೋ ದೇವರೇ ಬಲ್ಲ. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಮಗಳ ಕೈ ಹಿಡಿದುಕೊಂಡು ನಿಂತರು. ಬೈಯಲಿಲ್ಲ. ಜಗಲಿಯಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿದರು.

"ನನಗೆ ಮಗಳ ಹೆದರಿಕೆ ಇಲ್ಲ ಮಾಷ್ಟ್ರೇ. ಅವಳು ಇಲ್ಲಿಗೇ ಬರುವುದು ಅಂತ ಫೋನಿನಲ್ಲಿ ಹೇಳಿದ್ದಾಳೆ. ನೋಡಿದವರ ಹೆದರಿಕೆ. ಬಸ್ಸು ನಿಲ್ಲಿಸಿ ಯಾರಾದ್ರೂ ಏನಾದ್ರೂ ಕೇಳಿದ್ರೆ? ಸ್ವಲ್ಪ ಹೊತ್ತು ಅದು ಅವಳ ತಲೆ ಮೇಲೆ ಇದ್ದದ್ದಕ್ಕೆ ನನ್ನ ಜೀವವೇ ಹೋಗಿತ್ತು."

ಹೇಳುತ್ತ ಹೇಳುತ್ತ ಅವರ ಕಣ್ಣು ಅಫ್ರಾಳ ಮೇಲೆ ಬಿತ್ತು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು, ದಿನವೂ ಕಾಲೇಜಿಗೆ ಹೋಗುವಾಗ ಸುತ್ತಿಕೊಳ್ಳುವ ಕಪ್ಪು ತಲೆವಸ್ತ್ರದಲ್ಲಿ. ಸುಮತಿ ಉಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ನೀವು ಇವಳನ್ನು ದಿನಾ ಹೇಗೆ ಕಳಿಸ್ತೀರಿ?"

ದಿನವೂ ಬೆಳಿಗ್ಗೆ ಟಿಫಿನ್ ಕೊಟ್ಟು ಕಳಿಸುತ್ತೇವೆ, ಅಷ್ಟೇ. ಅದೊಂದು ಪ್ರಶ್ನೆ ಎಂದು ನಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಪ್ರತೀಕ್ಷಾ ಗೆಳತಿಯ ಪಕ್ಕಕ್ಕೆ ಹೋಗಿ ನಿಂತು, "ಆ ಹುಡುಗ ನಿನಗೆ ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ ಮಾರಾಯ್ತಿ. ನೀನು ಹೇಳ್ಲೇ ಇಲ್ಲ" ಎಂದಳು. ಅಫ್ರಾ ಅತ್ತಳು. ಜಡೆಯ ವಿಚಾರದಲ್ಲಿ ಅವಳು ಅಷ್ಟು ಉರಿದದ್ದು ಯಾಕೆಂದು ಅಪ್ಪನಾದ ನನಗೆ ಆಗ ಗೊತ್ತಾಯಿತು.

ಕುಣಿತ ಬೇಡ, ಬಿಟ್ಟುಬಿಡುವ ಎಂದರು ಸುಮತಿ. ಉಮ್ಮ ಒಪ್ಪಲಿಲ್ಲ. "ಬೇಡ ಅಂತ ನಾನು ಹೇಳಿದ್ನಾ? ಹೇಳಿಕೆ ಇಲ್ಲ ಅಂತ ಹೇಳಿದ್ದು."

ನಮ್ಮ ಕಡೆಯಲ್ಲಿ ಹೇಳಿಕೆ ಎಂದರೆ ಸಣ್ಣ ಸಂಗತಿಯಲ್ಲ. ಮದುವೆಯ ಕಾಗದ ಎಷ್ಟು ಬೆಲೆಯದ್ದಿದ್ದರೂ ಸರಿ, ಮನೆಯವರು ಯಾರಾದರೂ ಬಂದು, ಕೂತು, ಹಿರಿಯರ ಮುಖ ನೋಡಿ, ಇಂಥ ದಿನ ಮದುವೆ, ಬರಬೇಕು ಎಂದು ಬಾಯಲ್ಲಿ ಹೇಳಬೇಕು. ಮೊಬೈಲಿನಲ್ಲಿ ಕಾಗದ ಕಳಿಸಿದರೆಂದು ಉಮ್ಮ ಹತ್ತಿರದ ನೆಂಟರ ಮದುವೆಯನ್ನೇ ಬಿಟ್ಟವರು. ಹಾಗೆ ಬಿಟ್ಟು, ಅಲ್ಲಿಯ ಬಿರಿಯಾನಿ ಹೇಗಿತ್ತೆಂದು ಹೋಗಿಬಂದವರನ್ನೆಲ್ಲ ವಿಚಾರಿಸಿದವರು.

ಸುಮತಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ, ಅವರ ಮನೆಯಲ್ಲೂ ಇದೇ ಕ್ರಮ. ಎದ್ದು ನಿಂತು, ಹೆಲ್ಮೆಟ್ಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಬರುವ ಶನಿವಾರ ಮಕ್ಕಳ ಕಾರ್ಯಕ್ರಮ ಉಂಟು. ನಿಮ್ಮ ಬಟ್ಟೆ ಬೇಕು, ನೀವೂ ಬರ್ಬೇಕು" ಎಂದರು. ಉಮ್ಮ ಸ್ವಲ್ಪ ಯೋಚಿಸುವವರ ಹಾಗೆ ಮಾಡಿ ಒಪ್ಪಿದರು.

ಇಲ್ಲಿಗೆ ನನ್ನ ಗೊಂದಲ ಬಗೆಹರಿಯಿತೆಂದು ನೀವು ತಿಳಿಯಬಾರದು. ಕೇಳಿ ತೆಗೆದುಕೊಂಡರೆ ಸರಿ, ಕೇಳದಿದ್ದರೆ ತಪ್ಪು ಎಂದು ತೀರ್ಪು ಬರೆಯಹೊರಟೆ. ಆದರೆ ಆ ಗಾಯಕಿ ಯಾರ ಜಗಲಿಗೆ ಹೋಗಿ ಹೇಳಬೇಕಿತ್ತು? ಒಂದು ಜನಾಂಗಕ್ಕೆ ಜಗಲಿ ಎಲ್ಲಿದೆ, ಅಲ್ಲಿ ಮೀನಿನವನಿಗೆ ಕಾಯುತ್ತ ಕೂತ ಉಮ್ಮ ಯಾರು? ನಾನಾದರೂ ಕನ್ನಡಕ್ಕೆ ಬಂದಾಗ ಯಾರಿಗೆ ಹೇಳಿ ಬಂದೆ? ಅಫ್ರಾಳಲ್ಲಿ ಕೇಳಿದೆ. "ಬಾಪಾ, ನೀವು ನೀರುದೋಸೆ ತಿನ್ನಿ" ಎಂದಳು.

ಶನಿವಾರ ಉಮ್ಮ ಮೊದಲ ಸಾಲಿನಲ್ಲಿ ಕೂತರು. ಅದಕ್ಕೂ ಮೊದಲು ಪರದೆಯ ಹಿಂದೆ ಹೋಗಿ ಗುಂಡಿಗಳನ್ನು ಪರೀಕ್ಷಿಸಿ ಬಂದಿದ್ದರು. ಹಾಡು ಚೆನ್ನಾಯಿತು, ಕುಣಿತವೂ. ಚಪ್ಪಾಳೆ ಬಿತ್ತು, ನಾನೂ ಕೈ ಕೆಂಪಾಗುವಷ್ಟು ತಟ್ಟಿದೆ. ಮುಗಿದ ಮೇಲೆ ಪ್ರತೀಕ್ಷಾ ತಲೆವಸ್ತ್ರವನ್ನು ಬಿಚ್ಚಿ, ಮಡಚಿ, ಉಮ್ಮನ ಕೈಯಲ್ಲಿಟ್ಟಳು. ಅಫ್ರಾ ಕನ್ನಡಿಯ ಮುಂದೆ ತನ್ನದನ್ನು ಸರಿಯಾಗಿ ಸುತ್ತಿಕೊಂಡು ನಮ್ಮ ಜೊತೆ ಬಸ್ಸಿಗೆ ಹೊರಟಳು.

ಸುಮತಿ ನಿಲ್ದಾಣದವರೆಗೂ ಬಂದರು. ಬಸ್ಸು ಹೊರಡುವವರೆಗೆ ಕಿಟಕಿಯ ಸರಳು ಹಿಡಿದುಕೊಂಡೇ ನಿಂತಿದ್ದರು. ಅಫ್ರಾಳ ಒಂದು ಪಕ್ಕದಲ್ಲಿ ಉಮ್ಮ, ಇನ್ನೊಂದು ಪಕ್ಕದಲ್ಲಿ ಇಷ್ಟು ದೊಡ್ಡ ಆಳಾದ ನಾನು ಕೂತಿರುವುದು ಅವರ ಲೆಕ್ಕಕ್ಕೇ ಬರಲಿಲ್ಲ. ಅಫ್ರಾಳಿಗೆ ಹೇಳಿದರು, "ಮನೆ ಮುಟ್ಟಿದ ಕೂಡಲೇ ನನಗೊಂದು ಫೋನು ಮಾಡು ಮಗಾ."