ಹೆಬ್ಬಾವಿಗೊಂದು ಬಾಡಿಗೆ ಮನೆ

ಜಿದ್ದಾ ನಗರದಲ್ಲಿ ಬೇಸಗೆಯ ನಡುಮಧ್ಯಾಹ್ನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋಗಿ, ಕೋಣೆ ಬೆಚ್ಚಗಿಡುವ ಹೀಟರ್ ಕೊಡಿ ಎಂದು ಕೇಳುವ ಮನುಷ್ಯನನ್ನು ಅಂಗಡಿಯವನು ಹೇಗೆ ನೋಡುತ್ತಾನೆಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗುವ ಪ್ರಸಂಗವೂ ನಿಮಗೆ ಬಾರದಿರಲಿ. ಅವನು ಮೊದಲು ನನ್ನ ಅರಬ್ಬಿಯನ್ನು ಸಂಶಯಿಸಿ ಫ್ಯಾನು ತೋರಿಸಿದ. ತಲೆಯಲ್ಲಾಡಿಸಿದ್ದಕ್ಕೆ ಏಸಿ ತೋರಿಸಿದ. ಕಡೆಗೆ ಕಳೆದ ಚಳಿಗಾಲದಲ್ಲಿ ಮಾರಾಟವಾಗದೆ ಉಳಿದಿದ್ದ ಒಂದು ಹೀಟರನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವುತ್ತ, ಜ್ವರವೇ ಎಂದು ಅನುಕಂಪದಿಂದ ವಿಚಾರಿಸಿದ. ಹೆಬ್ಬಾವಿಗೆ ಎಂದು ಹೇಳುವಷ್ಟು ಅರಬ್ಬಿ ನನ್ನಲ್ಲಿರಲಿಲ್ಲ, ಇದ್ದರೂ ಹೇಳುವ ಮುಖವಿರಲಿಲ್ಲ. ಜ್ವರವೆಂದೇ ಒಪ್ಪಿಕೊಂಡು ಬಂದೆ.

ಪೀಠಿಕೆ ಹೀಗಾಯಿತು, ಇನ್ನು ಪ್ರಾಣಿಯ ವಿಷಯ. ನಾನು ಉಡುಪಿ ಕಡೆಯ ಭಟ್ಟ. ಇಲ್ಲಿ ಹಡಗಿನ ಸರಕಿನ ಕಂಪೆನಿಯೊಂದರಲ್ಲಿ ಹದಿನಾರು ವರ್ಷಗಳಿಂದ ಗುಮಾಸ್ತಗಿರಿಗೆ ಗೌರವದ ಹೆಸರಿಟ್ಟುಕೊಂಡು ದುಡಿಯುತ್ತಿರುವವನು. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ವನಜ. ಈರುಳ್ಳಿಯನ್ನೇ ಏಕಾದಶಿಯಂದು ಅಡುಗೆಮನೆಯ ಹೊರಗಿಡುವ ಸಂಸಾರ ನಮ್ಮದು. ಮೊಟ್ಟೆಯೆಂಬುದು ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಇಂಥ ಮನೆಗೆ ಮಾಂಸವಲ್ಲದೆ ಬೇರೇನನ್ನೂ ಮೂಸಿ ನೋಡದ ಜೀವಿಯೊಂದು ಹೇಗೆ ಬಂತೆಂದರೆ, ಆ ವರ್ಷ ಇಲ್ಲಿನ ಸರಕಾರ ವಿದೇಶೀಯರ ಹೆಂಡತಿ ಮಕ್ಕಳ ಮೇಲೆ ತಲೆಗಿಷ್ಟೆಂದು ತಿಂಗಳ ಶುಲ್ಕ ಹಾಕಿದ್ದರಿಂದ ಬಂತು.

ಶುಲ್ಕ ಬಂದದ್ದೇ ತಡ, ನಮ್ಮ ಕಟ್ಟಡ ಖಾಲಿಯಾಗತೊಡಗಿತು. ಇಂದು ಎರಡನೆಯ ಮಹಡಿಯವರು, ನಾಳೆ ಎದುರು ಮನೆಯವರು. ಒಬ್ಬೊಬ್ಬರೂ ಫ್ರಿಜ್ಜು, ಸೋಫಾಗಳನ್ನು ಸಿಕ್ಕ ಬೆಲೆಗೆ ಮಾರಿ, ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿ, ತಾವು ಪೆಟ್ಟಿಗೆ ಹಿಡಿದು ಬ್ಯಾಚುಲರ್ ರೂಮುಗಳಿಗೆ ಹೋದರು. ಕೆಳಗಿನ ಮನೆಯ ಹಮೀದಾಕ, ಉಪ್ಪಿನಂಗಡಿಯವರು, ನನ್ನ ಆಪ್ತರು, ಅವರೂ ಹೋದರು. ಅವರ ಹೆಂಡತಿ ಜೊಹರಾ ವನಜಳಿಗೆ ಇಡೀ ದಿನದ ಜೊತೆ. ಆರೇ ತಿಂಗಳು, ಮತ್ತೆ ಬರುತ್ತೇನೆ ಎಂದು ಕಣ್ಣೊರೆಸಿಕೊಂಡು ಹೋದವಳು. ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿಕೊಡುತ್ತಿದ್ದ ವನಜಳಿಗೆ ಈಗ ಮಕ್ಕಳೂ ಇಲ್ಲ, ಜೊಹರಾಳೂ ಇಲ್ಲ. ನಮ್ಮ ಸರದಿ ಯಾವಾಗ ಎಂಬ ಪ್ರಶ್ನೆಯನ್ನು ನಾವಿಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಕೊಡಬೇಕಾಗುತ್ತದಲ್ಲ! ಇವಳು ಹೋದರೆ ನನ್ನ ಗತಿ ಏನೆಂಬ ಭಯ ನನಗೆ ಊಟದ ತಟ್ಟೆಯ ಮುಂದೆ ಕೂತಾಗಲೆಲ್ಲ ಬರುತ್ತಿತ್ತು.

ಇಂಥ ದಿನಗಳಲ್ಲಿ ಒಂದು ಸಂಜೆ ವನಜ, "ಮಾರಾಯ್ರೆ, ಮನೆಯಲ್ಲೊಂದು ಜೀವ ಬೇಕು, ಎಂತಾದ್ರೂ ಸಾಕುವ" ಎಂದಳು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಸಾಕುವವರು ಬಿಟ್ಟು ಹೋಗುತ್ತಾರೆಯೇ? ಇವಳು ಇಲ್ಲೇ ಉಳಿಯಲು ನಿಶ್ಚಯಿಸಿದ್ದಾಳೆಂದು ಅರ್ಥಮಾಡಿಕೊಂಡೆ. ಬೆಕ್ಕು ತರೋಣವೆಂದೆ, ನಿಮ್ಮ ಉಬ್ಬಸಕ್ಕೆ ರೋಮ ಆಗುವುದಿಲ್ಲ ಎಂದಳು. ಗಿಳಿಯೆಂದೆ, ಪುಕ್ಕವೂ ಆಗುವುದಿಲ್ಲ ಎಂದಳು. ಮೀನು? ಮೂರು ಸಲ ಸತ್ತಿವೆ, ನೀವೇ ಆಹಾರ ಹಾಕಲು ಮರೆತು ಕೊಂದದ್ದು ಎಂದಳು. ಹೀಗೆ ಸೃಷ್ಟಿಯ ಸಕಲ ಚರಾಚರಗಳನ್ನೂ ನನ್ನ ಶ್ವಾಸಕೋಶ ಮತ್ತು ನನ್ನ ಮರೆವು ಸೇರಿ ತಿರಸ್ಕರಿಸಿದ ಮೇಲೆ ಉಳಿದದ್ದು ಹಾವು. ಹಾವು! ನಾಗಬನದ ದಾರಿಯಲ್ಲಿ ಚಪ್ಪಲಿ ಕಳಚಿ ನಡೆದು ಬೆಳೆದವನು ನಾನು.

ಶುಕ್ರವಾರ ಪ್ರಾಣಿಗಳ ಸಂತೆಗೆ ಹೋದೆವು. ಹಾವು ಮಾರುವವನು ಹೈದರಾಬಾದಿನವ. ಅಂಗೈಯಲ್ಲಿ ಮುದುಡಿಕೊಂಡು ಕೂರುವ, ನೋಡಿದರೆ ಪಾಪ ಅನ್ನಿಸುವ ಚಿಕ್ಕ ಚಿಕ್ಕ ಹಾವುಗಳು ಅವನಲ್ಲಿ ಬೇಕಾದಷ್ಟಿದ್ದವು, ಬೆಲೆಯೂ ಕೈಗೆಟಕುವಂಥದ್ದೇ. ನಾನು ಒಂದನ್ನು ಮೆಚ್ಚಿ, ಹಣ ತೆಗೆಯಲು ಜೇಬಿಗೆ ಕೈ ಹಾಕಿದ್ದೆ. ವನಜ ಅವನ್ನೆಲ್ಲ ದಾಟಿ ಮೂಲೆಯ ಪೆಟ್ಟಿಗೆಯ ಮುಂದೆ ನಿಂತಳು. ಅದರಲ್ಲಿ ನನ್ನ ತೊಡೆಯಷ್ಟು ದಪ್ಪದ, ನನಗಿಂತ ಎಷ್ಟೋ ಉದ್ದದ ಹೆಬ್ಬಾವೊಂದು ಲೋಕದ ಮೇಲೆ ಯಾವ ಆಸಕ್ತಿಯೂ ಇಲ್ಲದೆ ಬಿದ್ದುಕೊಂಡಿತ್ತು. ಇದೇ ಬೇಕಂತೆ. ಎಷ್ಟು ಹೇಳಿದರೂ ಇದೇ! ಚಿಕ್ಕದರ ಸೌಲಭ್ಯಗಳ ಬಗ್ಗೆ ನಾನು ಅಲ್ಲೇ ನಿಂತು ಉಪನ್ಯಾಸ ಕೊಟ್ಟೆ. "ಸಣ್ಣದ್ದು ಆಗ್ಲಿಕ್ಕಿಲ್ಲ ಮಾರಾಯ್ರೆ, ನನಗೆ ದೊಡ್ಡದೇ ಆಗ್ಬೇಕು" ಎಂದು ಅವಳು ಸೀರೆ ಆರಿಸುವವಳಷ್ಟೇ ಖಚಿತವಾಗಿ ಹೇಳಿದಳು. ಸೋತು, ಕೊನೆಯ ಆಸೆಯಿಂದ, ಇದು ಹಾಲು ಹಣ್ಣು ತಿಂದುಕೊಂಡು ಇರಲಾರದೇ ಎಂದು ಮಾರುವವನನ್ನು ಕೇಳಿದೆ.

"ಅರೆ ಸಾಬ್," ಎಂದ ಅವನು, "ಯೇ ಮುರ್ಗಿ ಖಾತಾ, ಚೂಹಾ ಖಾತಾ. ಇಡ್ಲಿ ನಹೀಂ ಖಾತಾ."

ಹಾವಿನ ಹಣ ವನಜ ತನ್ನ ಟ್ಯೂಷನ್ ಉಳಿತಾಯದಿಂದ ಕೊಟ್ಟಳು, ಪೆಟ್ಟಿಗೆ ಮಾತ್ರ ನೀವು ತನ್ನಿ ಎಂದಳು. ಎಂಥ ಔದಾರ್ಯವೆಂದು ಹಿಗ್ಗಿದೆ. ಆಮೇಲೆ ತಿಳಿಯಿತು, ಹಾವು ಅಗ್ಗ, ಅದರ ಸಂಸಾರ ದುಬಾರಿ. ಗಾಜಿನ ಪೆಟ್ಟಿಗೆ ಹಾವಿಗಿಂತ ತುಟ್ಟಿ. ಅದನ್ನು ಮೂರನೆಯ ಮಹಡಿಗೆ ಹೊರಿಸಿದ ಕೂಲಿ ಬೇರೆ. ಏಸಿಯಿಲ್ಲದೆ ನನಗೆ ನಿದ್ದೆ ಬಾರದು, ಏಸಿಯಲ್ಲಿ ಅದಕ್ಕೆ ಹಸಿವೆ ಬಾರದು. ಹಾಗಾಗಿ ಆ ಹೀಟರ್. ಒಂದೇ ಮನೆಯನ್ನು ಒಂದು ಯಂತ್ರ ತಣಿಸುತ್ತದೆ, ಇನ್ನೊಂದು ಕಾಯಿಸುತ್ತದೆ, ಎರಡರ ಬಿಲ್ಲೂ ನನ್ನ ಹೆಸರಿಗೇ ಬರುತ್ತದೆ. ಮಂಜುಗಟ್ಟಿಸಿದ ಇಲಿಗಳನ್ನು ತೆಂಗಿನತುರಿಯ ಪಕ್ಕದಲ್ಲಿಡುವುದುಂಟೇ? ಅದಕ್ಕೊಂದು ಪ್ರತ್ಯೇಕ ಪುಟ್ಟ ಫ್ರೀಜರ್ ಬಾಲ್ಕನಿಯಲ್ಲಿ ಪ್ರತಿಷ್ಠಾಪನೆಯಾಯಿತು. ಇಲಿ ಹಿಡಿಯುವ ಇಕ್ಕಳ ಬೇರೆ, ಬಿಸಿನೀರಿನ ಬಾಲ್ದಿ ಬೇರೆ. ಉಣಿಸುವ ಕೆಲಸ ಮೊದಲ ದಿನದಿಂದ ನನ್ನ ಪಾಲಿಗೇ ಬಂತು. ಉಣಿಸಿದವರು ತಲೆಗೆ ನೀರು ಹೊಯ್ದುಕೊಳ್ಳದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಮಡಿಯ ಶಾಸ್ತ್ರದಲ್ಲಿ ಹೆಬ್ಬಾವಿನ ಅಧ್ಯಾಯವನ್ನು ಸೇರಿಸಿದ ಕೀರ್ತಿ ನಮ್ಮ ಮನೆಗೇ ಸಲ್ಲಬೇಕು.

ಊರಿನಿಂದ ಅಮ್ಮ ಫೋನು ಮಾಡಿ, ಅದೇನಾದರೂ ಸತ್ತರೆ ಸಂಸ್ಕಾರ ಯಾರು ಮಾಡುವುದೆಂದು ಗಾಬರಿಯಾದಳು. ನಮ್ಮಲ್ಲಿ ನಾಗರಹಾವು ಸತ್ತರೆ ಮನುಷ್ಯರಿಗೆ ಮಾಡಿದಂತೆ ಕ್ರಿಯೆ ಮಾಡಬೇಕಲ್ಲ. ಹೆಬ್ಬಾವು ಎಂದ ಕೂಡಲೇ ಸಮಾಧಾನಗೊಂಡು, "ಓ, ಪೆರ್ಮರಿಯಾ? ಹಾಗಾದ್ರೆ ಸೂತಕ ಇಲ್ಲ, ಇಟ್ಕೊಳ್ಳಿ" ಎಂದು ಅನುಮತಿ ಕೊಟ್ಟಳು. ತುಳುವಿನ ಆ ಮಾತೇ ಅದರ ಹೆಸರಾಗಿ ನಿಂತಿತು. ಹಮೀದಾಕ ನೋಡಲು ಬಂದವರು ಬಾಗಿಲಿನಿಂದ ಒಳಗೆ ಬರಲೇ ಇಲ್ಲ. "ಅಲ್ಲ ಭಟ್ರೆ, ಇಷ್ಟು ವರ್ಷ ನನ್ನ ಮನೆಯ ಚಾ ಕುಡಿಯುವಾಗ್ಲೂ ಲೋಟ ಮೂಸಿ ನೋಡ್ತಿದ್ರಿ. ಈಗ ಫ್ರೀಜರ್ ತುಂಬ ಇಲಿ ಇಟ್ಟಿದ್ದೀರಲ್ಲ, ಎಂತ ಕಥೆ ಇದು?" ಎಂದರು. ನನಗೆ ನಗು ಬರಲಿಲ್ಲ.

ಇಷ್ಟನ್ನೆಲ್ಲ ಸಹಿಸಿದೆ, ವನಜ ಉಳಿಯುತ್ತಾಳಲ್ಲ ಎಂದು. ಒಂದು ತಿಂಗಳು ಕಳೆಯಿತು. ಒಂದು ದಿನ ಮಜ್ಜಿಗೆ ಬಡಿಸುತ್ತ ಅವಳು, ನನ್ನ ಎಕ್ಸಿಟ್ ವೀಸಾ ಹಾಕಿಸಿ ಊರಿಗೆ ಕಳಿಸಿಬಿಡಿ, ಶುಲ್ಕ ಕಟ್ಟಿ ಕಟ್ಟಿ ಮಗಳ ಫೀಸಿಗೇ ಸಂಚಕಾರ ಬಂದೀತು, ಕೆಲವು ಕಾಲ ಊರಲ್ಲಿರುತ್ತೇನೆ ಎಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೋಗುವವಳಿಗೆ ಹಾವು ಯಾಕೆ? ನನ್ನ ತಲೆಗೆ ಕಟ್ಟಲಿಕ್ಕಾ? ಕೂಗಾಡಿದೆ, ಊಟ ಬಿಟ್ಟೆದ್ದೆ. ಅವಳು ನನ್ನ ತಟ್ಟೆ ಎತ್ತಿಟ್ಟಳು. ಪೆರ್ಮರಿಗೆ ಯಾವ ವಾರ ಆಹಾರ, ಯಾವ ವಾರ ಬರೀ ನೀರು ಎಂದು ಎರಡೆರಡು ಸಲ ಹೇಳಿಕೊಟ್ಟು, ವಿಮಾನ ಹತ್ತಿ ಹೊರಟೇಹೋದಳು. ವಿಮಾನ ನಿಲ್ದಾಣದಿಂದ ಬರುವಾಗ ದಾರಿಯುದ್ದಕ್ಕೂ ನನಗೆ ಅಳು ಬರುತ್ತಿತ್ತು, ಹಾವಿನ ಹೆಸರು ಹೇಳಿ ಬೈಯುತ್ತ ಬಂದೆ.

ಒಂಟಿ ಗಂಡಸಿಗೆ ಇಡೀ ಫ್ಲಾಟು ಯಾಕೆ? ಹಮೀದಾಕ ಇರುವ ರೂಮಿನಲ್ಲಿ ಒಂದು ಮಂಚ ಖಾಲಿಯಿತ್ತು, ಬಾಡಿಗೆ ಆರರಲ್ಲೊಂದು ಪಾಲು. ಸಂತೋಷದಿಂದ ಹೋಗಿ ಕೇಳಿದರೆ ಐವರೂ ಒಕ್ಕೊರಲಿನಿಂದ, "ಭಟ್ರಿಗೆ ಜಾಗ ಉಂಟು, ಪೆರ್ಮರಿಗಿಲ್ಲ" ಎಂದರು. ಇನ್ನೆರಡು ರೂಮುಗಳಲ್ಲಿ ವಿಚಾರಿಸಿದೆ. ಹಾವೆಂದ ಕೂಡಲೇ ಒಬ್ಬ ಮಾತನ್ನೇ ನಿಲ್ಲಿಸಿದ, ಇನ್ನೊಬ್ಬ ನನ್ನ ಆರೋಗ್ಯ ವಿಚಾರಿಸಿದ. ಸಂತೆಯ ಹೈದರಾಬಾದಿಯ ಕಾಲು ಹಿಡಿಯುವುದೊಂದು ಬಾಕಿ. ಪುಕ್ಕಟೆ ಕೊಡುತ್ತೇನೆ ತೆಗೆದುಕೋ ಎಂದೆ. ಚಿಕ್ಕದಾದರೆ ಈಗಲೇ ತೆಗೆದುಕೊಳ್ಳುತ್ತಿದ್ದೆ ಸಾಬ್, ಇಷ್ಟು ದೊಡ್ಡದನ್ನು ಒಮ್ಮೆ ಮಾರಿದ್ದೇ ನನ್ನ ಪುಣ್ಯ ಎಂದು ಕೈಮುಗಿದ.

ಮನೆಗೆ ಬಂದವನೇ ವನಜಳಿಗೆ ಫೋನು ಹಚ್ಚಿ ರೇಗಿದೆ. ಇಡೀ ಸಂತೆಯಲ್ಲಿ ನಿನಗೆ ಈ ದೈತ್ಯನೇ ಬೇಕಿತ್ತಾ ಮಾರಾಯ್ತಿ? ನನಗೆ ರೂಮು ಸಿಗುತ್ತಿಲ್ಲ, ಮನೆ ಬಿಡುವ ಹಾಗಿಲ್ಲ, ನೀನು ಹೋಗಿ ಉಳಿಸಿದ್ದನ್ನೆಲ್ಲ ಬಾಡಿಗೆ ನುಂಗುತ್ತಿದೆ!

"ಜೊಹರಾ ಆರು ತಿಂಗಳಿಗೆ ಅಂತ ಹೋದದ್ದಲ್ವಾ? ಹಮೀದಾಕ ಮನೆ ಬಿಟ್ಟು ರೂಮಿಗೆ ಹೋದ್ರು. ಈಗ ಅವಳು ಬರುದಾದ್ರೂ ಎಲ್ಲಿಗೆ, ಐದು ಗಂಡಸರ ರೂಮಿಗಾ? ನಮ್ಮ ಕಟ್ಟಡದಿಂದ ಹೋದವರು ಒಬ್ಬರಾದ್ರೂ ವಾಪಸ್ ಬಂದದ್ದು ನೀವು ಕಂಡಿದ್ದೀರಾ? ಸಣ್ಣ ಹಾವಾದ್ರೆ ನೀವು ಚೀಲದಲ್ಲಿ ಹಾಕಿಕೊಂಡು ಹೋಗ್ತಿದ್ರಿ. ಇದನ್ನು ಕಟ್ಟಿಕೊಂಡವರಿಗೆ ಯಾರೂ ರೂಮು ಕೊಡ್ಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು" ಎಂದಳು. ಆಮೇಲೆ ಅವಳ ಧ್ವನಿ ಸಣ್ಣದಾಯಿತು. "ಮಗಳ ಓದು ಒಂದು ಮುಗೀಲಿ. ಮನೆ ಬಿಡ್ಬೇಡಿ ಮಾರಾಯ್ರೆ. ನಾನು ಬರ್ಬೇಕಲ್ಲ."

ಮರುದಿನ ಆಫೀಸಿಗೆ ತಡವಾಗಿ ಬರುತ್ತೇನೆಂದು ತಿಳಿಸಿ, ಮುಂದಿನ ಆರು ತಿಂಗಳ ಬಾಡಿಗೆ ಹಿಡಿದುಕೊಂಡು ಕಟ್ಟಡದ ಮಾಲೀಕನ ಬಳಿಗೆ ಹೋದೆ. ಇಲ್ಲಿ ಸಂಸಾರಸ್ಥರ ಕಟ್ಟಡಗಳಲ್ಲಿ ಒಂಟಿ ಗಂಡಸರಿಗೆ ಮನೆ ಕೊಡುವ ಪದ್ಧತಿಯಿಲ್ಲ. ಹಣ ಎಣಿಸಿಕೊಂಡ ಅವನು ನನ್ನನ್ನು ಒಮ್ಮೆ ನೋಡಿ, ಫ್ಯಾಮಿಲಿಯೋ ಬ್ಯಾಚುಲರೋ ಎಂದು ಕೇಳಿದ.

ಫ್ಯಾಮಿಲಿ ಎಂದೆ. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಪಕ್ಕದಲ್ಲಿದ್ದವರೂ ತಿರುಗಿ ನೋಡಿದರು.