ಇಂಟರ್‌ನೆಟ್ಟಿಗೆ ಹೊರಟು ಶಿರಿಯ ತಲುಪಿದ್ದು

ಅಥವಾ ಅವತ್ತು ಹರತಾಳವೇ ಇರಲಿಲ್ಲವೇನೋ. ಬರೀ ಭಾನುವಾರವಿದ್ದೀತು. ಎರಡಕ್ಕೂ ಕೇರಳದ ಗಡಿಯೂರಾದ ನಮ್ಮ ವರ್ಕಾಡಿಯಲ್ಲಿ ಮುಖ ಒಂದೇ: ಅಂಗಡಿಯ ಬಾಗಿಲು ಅರ್ಧ ಎಳೆದದ್ದು, ಜೀಪುಗಳು ನಿಂತಲ್ಲೇ ನಿದ್ದೆ, ಗಂಡಸರೆಲ್ಲ ಯಾರದಾದರೂ ಜಗಲಿಯಲ್ಲಿ. ಆದರೆ ಭಾನುವಾರವಾದರೆ ಬಸ್ಸು ಒಂದಾದರೂ ಇರುತ್ತಿತ್ತು. ಬಸ್ಸಿದ್ದಿದ್ದರೆ ನೆರೆಮನೆಯ ಗಿರಿಜಕ್ಕ ನೇರ ಮಂಗಳೂರಿಗೇ ಹೋಗುತ್ತಿದ್ದರು, ಹೋಗಿದ್ದರೆ ನಾನು ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಹರತಾಳ. ನಾನು ನೆನಪುಗಳನ್ನು ತಯಾರಿಸುವ ಕ್ರಮವೇ ಇದು: ಮೊದಲು ಕತೆ, ಆಮೇಲೆ ಅದಕ್ಕೆ ಹೊಂದುವ ವಾರ. ನನ್ನ ಹೆಂಡತಿ ಶಾರದೆ ಮಾತ್ರ ಅವತ್ತು ಹರತಾಳವೂ ಹೌದು, ಭಾನುವಾರವೂ ಹೌದು ಎನ್ನುತ್ತಾಳೆ. ಇದನ್ನು ನೀವು ನಂಬಬೇಡಿ. ಭಾನುವಾರ ಹರತಾಳ ಮಾಡುವಷ್ಟು ದಡ್ಡರು ಕೇರಳದ ಯಾವ ಪಕ್ಷದಲ್ಲೂ ಇಲ್ಲ.

ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಾಲದ ಮಾತಿದು. ಈಗ ಇಂಟರ್‌ನೆಟ್ ಗಾಳಿಯ ಹಾಗೆ ಸುಮ್ಮನೆ ಇರುತ್ತದೆ. ಆಗ ಹಾಗಲ್ಲ, ಅದಕ್ಕೆ ಫೋನ್ ಮಾಡಬೇಕಿತ್ತು, ನೆಂಟರಿಗೆ ಮಾಡಿದ ಹಾಗೆ. ಕಂಪ್ಯೂಟರಿನ ಪಕ್ಕದ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ನಂಬರು ಒತ್ತುವುದು, ದೂರದ ಇನ್ನೊಂದು ಪೆಟ್ಟಿಗೆ ಎತ್ತುವುದು, ಎರಡೂ ಒಂದಕ್ಕೊಂದು ಕಿರುಚಿಕೊಂಡು ಪರಿಚಯ ಮಾಡಿಕೊಳ್ಳುವುದು. ಆ ಕಿರುಚಾಟ ಮೊದಲು ‘ಕೀ’ ಎನ್ನುತ್ತಿತ್ತೋ ‘ಗರ್’ ಎನ್ನುತ್ತಿತ್ತೋ ಎಂದು ನನಗೆ ಈಗ ಖಚಿತವಿಲ್ಲ. ಮೊನ್ನೆ ಬಾಯಲ್ಲಿ ಮಾಡಿ ತೋರಿಸಿದೆ. “ಅದು ಮೋಡೆಮ್ ಅಲ್ಲ, ನಮ್ಮ ಹಳೇ ಮಿಕ್ಸಿ” ಎಂದಳು ಶಾರದೆ.

ಇಂಟರ್‌ನೆಟ್ ಕೊಡುವ ಕಂಪನಿ ಒಂದು ಸಿ.ಡಿ.ಯನ್ನೂ ಕೊಡುತ್ತಿತ್ತು. ಅದರೊಳಗಿನ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿದರೆ ಪರದೆಯ ತುಂಬ ಒಂದು ಸೂರ್ಯ ಮೂಡಿ, ಅದರ ಹೊಟ್ಟೆಯ ಮೇಲೆ ಗುಂಡಿಯೊಂದು ಕಾಣಿಸುತ್ತಿತ್ತು. ಒತ್ತುವುದಷ್ಟೇ ನಮ್ಮ ಕೆಲಸ. ಯಾವ ನಂಬರಿಗೆ, ಹೇಗೆ, ಏಕೆ ಎಂಬುದೆಲ್ಲ ಸೂರ್ಯನಿಗೆ ಬಿಟ್ಟದ್ದು. ಸೂರ್ಯನಿಗೆ ನನ್ನ ಬಗ್ಗೆ ಎಲ್ಲವೂ ತಿಳಿದಿತ್ತು, ನಾನು ಎಲ್ಲಿದ್ದೇನೆ ಎಂಬುದೊಂದನ್ನು ಬಿಟ್ಟು.

ಅದಕ್ಕೆ ಕಾರಣ ನಮ್ಮ ಗಡಿಯವರ ಒಂದು ಪದ್ಧತಿ. ನಮ್ಮ ರೇಷನ್ ಕಾರ್ಡು, ವೋಟು, ಹರತಾಳ ಇವೆಲ್ಲ ಕೇರಳದ್ದು. ಹಲ್ಲುನೋವು, ಮದುವೆಯ ಸೀರೆ, ಕನ್ನಡಕ, ಇವು ಮಂಗಳೂರಿನದ್ದು. ಇಂಟರ್‌ನೆಟ್ ಯಾವ ಕಡೆಗೆ ಸೇರಿದ್ದೆಂದು ನಾನು ಯೋಚಿಸಲೇ ಇಲ್ಲ. ಕನ್ನಡಕ ತರಲು ಹೋದವನು ಪಕ್ಕದ ಅಂಗಡಿಯಿಂದ ಅದನ್ನೂ ತಂದೆ. ಅಂಗಡಿಯವನು ಮಂಗಳೂರಿನ ವಿಳಾಸ ಬೇಕೆಂದ. ಅದಕ್ಕೇನು, ನಮ್ಮಲ್ಲಿ ಎಲ್ಲರಿಗೂ ಎರಡು ವಿಳಾಸವಿರುತ್ತದೆ: ಒಂದು ಇರುವುದಕ್ಕೆ, ಇನ್ನೊಂದು ಕೊಡುವುದಕ್ಕೆ. ನಾನು ಕೊಡುವುದು ಮಂಗಳೂರಿನ ಚಿಕ್ಕಮ್ಮನ ಮನೆಯದ್ದು. ನಮ್ಮ ಕುಟುಂಬದವರೆಲ್ಲ ಕೊಡುವುದೂ ಅದನ್ನೇ. ಅಲ್ಲಿಯ ಪೋಸ್ಟ್‌ಮ್ಯಾನ್ ಬಹುಕಾಲ ಅದೊಂದು ಹಾಸ್ಟೆಲ್ ಎಂದೇ ತಿಳಿದಿದ್ದನಂತೆ.

ಹೀಗಾಗಿ ಸಾಫ್ಟ್‌ವೇರಿನ ದೃಷ್ಟಿಯಲ್ಲಿ ನಾನು ಚಿಕ್ಕಮ್ಮನ ಮನೆಯಲ್ಲಿ ಕುಳಿತಿದ್ದೆ. ಅದು ಕಂಪನಿಯ ಮಂಗಳೂರಿನ ನಂಬರನ್ನು ಊರೊಳಗಿನ ನಂಬರಿನ ಹಾಗೆ, ಮುಂದೆ ಎಸ್.ಟಿ.ಡಿ. ಕೋಡ್ ಇಲ್ಲದೆ ಒತ್ತುತ್ತಿತ್ತು. ಆದರೆ ನಾನಿದ್ದದ್ದು ವರ್ಕಾಡಿಯಲ್ಲಿ. ಕೋಡ್ ಇಲ್ಲದೆ ಅದೇ ಅಂಕಿಗಳನ್ನು ನಮ್ಮ ಕಡೆಯಿಂದ ಒತ್ತಿದರೆ ರಿಂಗಾಗುವುದು ನಮ್ಮದೇ ಕಡೆಯ ಕಡಲೂರು ಶಿರಿಯದಲ್ಲಿ, ಮೀನಿನವರಿಗೆ ಮಂಜುಗಡ್ಡೆ ಮಾರುವ ಒಂದು ಅಂಗಡಿಯಲ್ಲಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದಿದ್ದರೆ ಗಿರಿಜಕ್ಕನ ಮುಂದೆ ಅಷ್ಟು ಗತ್ತಿನಿಂದ ಕುರ್ಚಿ ಎಳೆಯುತ್ತಿರಲಿಲ್ಲ.

ಗಿರಿಜಕ್ಕ ನಮ್ಮ ನೆರೆಯವರು. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಗಂಡ ಸಂಜೀವ ಸೌದಿಯಲ್ಲಿ. ಮಗಳು ಹುಟ್ಟಿದ್ದನ್ನು ಅವನು ಫೋನಿನಲ್ಲಿ ಕೇಳಿದ್ದನೇ ಹೊರತು ಕಂಡಿರಲಿಲ್ಲ. ಅಂಚೆಯಲ್ಲಿ ಕಳಿಸಿದ ಫೋಟೋ ತಲುಪಿರಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಮರುಭೂಮಿಯ ನಡುವಿನ ಪೈಪ್‌ಲೈನ್ ಕೆಲಸಕ್ಕೆ ಕಳಿಸುವವರಿದ್ದರು. ಅಲ್ಲಿ ಅಂಚೆಯಿಲ್ಲ, ಫೋನಿಲ್ಲ, ಕೆಲಸ ಮುಗಿಯುವ ತನಕ ಏನೂ ಇಲ್ಲ. ಆಫೀಸಿನ ಗೆಳೆಯನೊಬ್ಬ ತನ್ನ ಕಂಪ್ಯೂಟರಿಗೆ ಫೋಟೋ ತರಿಸಿಕೊಳ್ಳಬಹುದು ಎಂದಿದ್ದ, ಅದೂ ಆ ಸಂಜೆಯ ತನಕ. ಗಿರಿಜಕ್ಕ ಮಂಗಳೂರಿನ ಸ್ಟುಡಿಯೋದಲ್ಲಿ ಮಗುವಿನ ಫೋಟೋವನ್ನು ಫ್ಲಾಪಿಗೆ ಹಾಕಿಸಿ ತಂದಿದ್ದರು. ಹರತಾಳದ ದಿನ ಗಡಿ ದಾಟಿ ಸೈಬರ್ ಕೆಫೆಗೆ ಹೋಗುವಂತಿರಲಿಲ್ಲ. ಹೋಗಬಹುದಾದದ್ದು ಪಕ್ಕದ ಮಾಷ್ಟ್ರ ಮನೆಗೆ. ತನ್ನ ಮನೆಗೆ ಇಂಟರ್‌ನೆಟ್ ಬಂದಿದೆ ಎಂದು ವಾರವಿಡೀ ಊರಿಗೆ ಸಾರಿದ್ದ ಮಾಷ್ಟ್ರು ನಾನೇ.

“ಯಾರ ಹಾಗೆ ಉಂಟು, ಯಾರ ಹಾಗೆ ಉಂಟು ಅಂತ ಫೋನಿನಲ್ಲಿ ಕೇಳ್ತಾರೆ ಮಾಷ್ಟ್ರೇ. ನಾನೆಂತ ಹೇಳುದು? ಅವರ ಹಾಗೆ ಅಂದ್ರೆ ನಂಬುದಿಲ್ಲ, ನನ್ನ ಹಾಗೆ ಅಂದ್ರೆ ಬೇಜಾರು” ಎನ್ನುತ್ತ ಗಿರಿಜಕ್ಕ ಅಳುವ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿದರು.

ನಾನು ಸೂರ್ಯನ ಹೊಟ್ಟೆ ಒತ್ತಿದೆ. ಮೋಡೆಮ್ ಟಿಕ ಟಿಕ ಎಂದಿತು. ರಿಂಗಾಯಿತು. ಪೆಟ್ಟಿಗೆಯ ಸಣ್ಣ ಸ್ಪೀಕರಿನಿಂದ ಗಡಸು ಸ್ವರವೊಂದು ಹೊರಬಂತು: “ಹಲೋ, ಐಸ್!”

ಮೋಡೆಮ್ ಅದಕ್ಕೆ ‘ಕುಂಯ್’ ಎಂದಿತು.

“ಹಲೋ! ಎಷ್ಟು ಬ್ಲಾಕ್ ಬೇಕು?”

‘ಕುಂಯ್.’

ಫೋನ್ ಇಟ್ಟ ಸದ್ದು. ಸಾಫ್ಟ್‌ವೇರು ತಾಳ್ಮೆಗೆಡದೆ, ದಯವಿಟ್ಟು ಕಾಯಿರಿ ಎಂದು ನಮಗೆ ತಿಳಿಸಿ ಮತ್ತೆ ಅಲ್ಲಿಗೇ ಮಾಡಿತು. ಈ ಸಲ ಆ ಸ್ವರದಲ್ಲಿ ವ್ಯಾಪಾರವಿರಲಿಲ್ಲ. “ಯಾರು ಮಾರಾಯಾ ನೀನು? ಪೀಪಿ ಊದುದಾದ್ರೆ ಮದುವೆಗೆ ಹೋಗು!”

“ಮಾಷ್ಟ್ರೇ,” ಎಂದರು ಗಿರಿಜಕ್ಕ, ನಗು ತಡೆದುಕೊಂಡು, “ಇಂಟರ್‌ನೆಟ್ಟಿಗೆ ಕನ್ನಡ ಬರ್ತದಲ್ಲ!”

“ಐಸ್ ಸಾ ಮಾರ್ತದೆ” ಎಂದಳು ಶಾರದೆ.

ಮೂರನೆಯ ಸಲವೋ ಐದನೆಯ ಸಲವೋ, ಆ ಮನುಷ್ಯ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಪಕ್ಕದ ರಿಸೀವರ್ ಎತ್ತಿ, ಮೋಡೆಮಿನ ಕುಂಯ್‌ಕುಂಯ್ ನಡುವೆಯೇ ಕ್ಷಮೆ ಕೇಳಿದೆ. ಅವರ ಹೆಸರು ಮೊಯ್ದುಚ್ಚ. ಹರತಾಳವೆಂಬುದು ಮೀನಿಗೆ ಗೊತ್ತಿಲ್ಲದ ಕಾರಣ ಹಿಂಬಾಗಿಲು ತೆರೆದಿಟ್ಟು ಕುಳಿತಿದ್ದರು. ನಾನು ವಿಷಯ ವಿವರಿಸಿದೆ. ಮಗುವಿನ ವಿಚಾರ ಬಂದದ್ದೇ ಸ್ವರ ಮೆತ್ತಗಾಯಿತು.

“ನನ್ನ ಮಗ ಸಾ ಅಲ್ಲೇ ಇರುದು ಮಾಷೇ. ಆದ್ರೆ ಇಂಟರ್‌ನೆಟ್ ಇಲ್ಲಿ ಇಲ್ಲ, ಇಲ್ಲಿ ಐಸ್ ಮಾತ್ರ.” ಸ್ವಲ್ಪ ಯೋಚಿಸಿ ಸೇರಿಸಿದರು: “ಒಂದು ಕೆಲಸ ಮಾಡುವ. ನೀವು ಮತ್ತೆ ಮಾಡಿ. ನಾನು ಎತ್ತುದೇ ಇಲ್ಲ. ನಾನು ಎತ್ತದಿದ್ರೆ ಅದು ಮುಂದೆ ಹೋಗ್ತದೋ ನೋಡುವ.”

ಯಾರೂ ಕೈ ತೋರಿಸದ ನಿಲ್ದಾಣದಲ್ಲಿ ಬಸ್ಸು ನಿಲ್ಲದೆ ಮುಂದೆ ಹೋಗುತ್ತದಲ್ಲ, ಆ ತರ್ಕ. ಆ ಕ್ಷಣಕ್ಕೆ ನನಗೂ ಅದು ಸರಿಯೆಂದೇ ತೋರಿತು. ಮಾಡಿದೆ. ಮೊಯ್ದುಚ್ಚ ಮಾತಿಗೆ ತಪ್ಪದೆ ಎತ್ತಲಿಲ್ಲ. ಶಿರಿಯದಲ್ಲಿ ರಿಂಗಾಗುತ್ತಲೇ ಇತ್ತು, ನಾವು ಮೂವರೂ ಭಕ್ತಿಯಿಂದ ಕೇಳುತ್ತಲೇ ಇದ್ದೆವು. ಅದು ಮುಂದೆ ಹೋಗಲಿಲ್ಲ. ಆಮೇಲೆ ಅವರಿಗೇ ಫೋನ್ ಮಾಡಿ ಹೋಗಲಿಲ್ಲವೆಂದು ವರದಿ ಒಪ್ಪಿಸಿದೆ. ಅವರು ಬೇಸರಪಟ್ಟು, ಆಮೇಲೆ ವಿಚಾರಿಸುತ್ತೇನೆಂದು ನಮ್ಮ ನಂಬರು ಬರೆದುಕೊಂಡರು.

ಕಂಪನಿಯ ಸಹಾಯವಾಣಿಗೂ ಮಾಡಿದೆ. ಮಂಗಳೂರಿನಲ್ಲಿ ಹರತಾಳವಿರಲಿಲ್ಲ, ಹುಡುಗಿಯೊಬ್ಬಳು ಎತ್ತಿದಳು.

“ಸರ್, ನಮ್ಮ ಸಾಫ್ಟ್‌ವೇರ್ ಓಪನ್ ಮಾಡಿ, ಕನೆಕ್ಟ್ ಒತ್ತಿ.”

“ಒತ್ತಿದರೆ ಈ ಫೋನ್ ಕಟ್ಟಾಗ್ತದೆ.”

“ಪರವಾಗಿಲ್ಲ ಸರ್, ಒತ್ತಿ. ಆಮೇಲೆ ಎಂತ ಆಯ್ತು ಅಂತ ಫೋನ್ ಮಾಡಿ ಹೇಳಿ.”

“ನಿಮ್ಮ ಸಾಫ್ಟ್‌ವೇರ್ ಬಿಟ್ಟು ಬೇರೆ ದಾರಿ ಇಲ್ವಾ?”

ದೇವರನ್ನು ಬಿಟ್ಟು ಮೋಕ್ಷವುಂಟೇ ಎಂದು ಕೇಳಿದವನಿಗೆ ಉತ್ತರಿಸುವ ಹಾಗೆ ಅವಳು ಹೇಳಿದಳು: “ಇಲ್ಲ ಸರ್.”

ಬೇರೆ ದಾರಿ ಇತ್ತು. ಕಂಪ್ಯೂಟರಿನೊಳಗೇ, ಯಾರೂ ಹೋಗದ ಮೂಲೆಯಲ್ಲಿ, ಬೂದು ಬಣ್ಣದ ಸಣ್ಣ ಕಿಟಕಿ. ಅದರಲ್ಲಿ ಸೂರ್ಯನಿಲ್ಲ, ಮುಗುಳ್ನಗೆಯಿಲ್ಲ. ಹೆಸರು, ಗುಪ್ತಪದ, ಫೋನ್ ನಂಬರು ಎಂದು ಮೂರು ಖಾಲಿ ಜಾಗ, ಅಷ್ಟೇ. ಸಾಫ್ಟ್‌ವೇರನ್ನು ಬಿಟ್ಟು ಇಲ್ಲಿಂದ, ಅದು ಬಿಟ್ಟುಬಿಡುತ್ತಿದ್ದ ಮಂಗಳೂರಿನ ಕೋಡ್ ಸೇರಿಸಿ ನಾವೇ ಮಾಡೋಣ ಎಂದು ಮೊದಲು ಹೇಳಿದವರು ಯಾರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ನಾನು. ಶಾರದೆಯ ನೆನಪಿನಲ್ಲಿ ಅದು ಶಾರದೆ. ಗಿರಿಜಕ್ಕನ ನೆನಪಿನಲ್ಲಿ ಯಾರೂ ಏನೂ ಹೇಳಲಿಲ್ಲ, ಮಗು ಕೀಲಿಮಣೆಯ ಮೇಲೆ ಕಾಲು ಚಾಚಿದಾಗ ಆ ಕಿಟಕಿ ತನ್ನಷ್ಟಕ್ಕೆ ತೆರೆಯಿತು. ಮೂರರಲ್ಲಿ ಅದೇ ಹೆಚ್ಚು ನಂಬಬಹುದಾದದ್ದು ಎಂದು ನನಗೆ ಆಗಾಗ ಅನಿಸುತ್ತದೆ.

ಆ ಕಿಟಕಿಯಲ್ಲಿ ನಾನೊಂದು ಸಂಗತಿ ಕಲಿತೆ. ಕೋಡ್ ಆದ ಮೇಲೆ ಒಂದು ಅಲ್ಪವಿರಾಮ ಹಾಕಿದರೆ ಮೋಡೆಮ್ ಅಲ್ಲಿ ನಿಜವಾಗಿಯೂ ನಿಂತು, ಉಸಿರೆಳೆದು, ಮುಂದುವರಿಯುತ್ತದೆ. ನಮ್ಮ ಹಳೆಯ ತಾಳೆಗರಿಗಳಲ್ಲಿ ಅಲ್ಪವಿರಾಮವೇ ಇರುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಓದುವವನ ಬುದ್ಧಿಗೆ ಬಿಟ್ಟದ್ದು. ನಾನು ತರಗತಿಯಲ್ಲಿ ಮಕ್ಕಳಿಗೆ ಅಲ್ಪವಿರಾಮ ಬಂದಾಗ ಸ್ವಲ್ಪ ನಿಲ್ಲಿ, ಸ್ವಲ್ಪ ನಿಲ್ಲಿ ಎಂದು ಗಂಟಲು ಒಣಗಿಸಿಕೊಂಡಿದ್ದೇನೆ. ಒಬ್ಬರೂ ನಿಂತದ್ದಿಲ್ಲ. ಇಷ್ಟು ವಿಧೇಯ ವಿದ್ಯಾರ್ಥಿಯನ್ನು ಕಂಡ ಸಂತೋಷಕ್ಕೆ ಒಂದರ ಬದಲು ನಾಲ್ಕು ಹಾಕಿದೆ. “ಅದು ಯಾಕೆ ಮಾತಾಡುದಿಲ್ಲ? ಸತ್ತಿತಾ?” ಎಂದಳು ಶಾರದೆ.

ಸತ್ತಿರಲಿಲ್ಲ. ಮಂಗಳೂರಿನಲ್ಲಿ ಪೆಟ್ಟಿಗೆಯೊಂದು ಎತ್ತಿತು, ಎರಡೂ ಕಿರುಚತೊಡಗಿದವು. ಆ ಸದ್ದಿಗೆ ಅಲ್ಲಿಯವರೆಗೆ ಅಳುತ್ತಿದ್ದ ಮಗು ತಟಕ್ಕನೆ ಸುಮ್ಮನಾಗಿ ಕಣ್ಣರಳಿಸಿತು. ಜೋಗುಳಗಳ ಬಗ್ಗೆ ಯಾರಾದರೂ ಸಂಶೋಧನೆ ಮಾಡುವುದಿದ್ದರೆ ಇದನ್ನು ಗಮನಿಸಬೇಕು. ಕಿರುಚಾಟ ನಿಂತಿತು. ಹೆಸರು ಸರಿಯಿಲ್ಲ ಎಂಬ ಫಲಕ ಬಂತು. ಮಗು ಅತ್ತಿತು.

ಹೆಸರು ಸರಿಯಿತ್ತು. ಆದರೆ ಕಂಪನಿಯ ಸಾಫ್ಟ್‌ವೇರು ನಮಗೆ ತಿಳಿಸದೆ ಹೆಸರಿಗೆ ಏನನ್ನೋ ಅಂಟಿಸಿ ಕಳಿಸುತ್ತಿರಬೇಕು. ಇದು ನನ್ನ ಊಹೆ. ನಮ್ಮ ಕಡೆಯ ಆಫೀಸುಗಳಲ್ಲೂ ಮನೆಯ ಹೆಸರು ಮುಂದೆ ಸೇರದಿದ್ದರೆ ಮನುಷ್ಯನನ್ನು ಯಾರೂ ಗುರುತಿಸುವುದಿಲ್ಲ. ಆದ್ದರಿಂದ ಮನೆಯ ಹೆಸರು ಸೇರಿಸಿದೆ. ಊರಿನ ಹೆಸರು ಸೇರಿಸಿದೆ. ಕಂಪನಿಯ ಹೆಸರನ್ನು ಹಿಂದೆ, ಮುಂದೆ, ಚುಕ್ಕಿಯೊಂದಿಗೆ, ಚುಕ್ಕಿಯಿಲ್ಲದೆ ಹಾಕಿದೆ. ಪ್ರತಿ ಸಲವೂ ಕಿರುಚಾಟ, ಮಗುವಿನ ಮೌನ, ಫಲಕ, ಮಗುವಿನ ಅಳು. “ಚಿಕ್ಕಮ್ಮನ ಹೆಸರು ಹಾಕಿ ನೋಡಿ, ನೀವು ಇರುದು ಅಲ್ಲಿ ಅಲ್ವಾ” ಎಂದಳು ಶಾರದೆ. ಗಿರಿಜಕ್ಕ ಮಾತ್ರ ಈಗ ನಗುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದರು. ಸೌದಿಯಲ್ಲಿ ಆ ಆಫೀಸು ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ಕೇಳಿದೆ. “ಗೊತ್ತಿಲ್ಲ ಮಾಷ್ಟ್ರೇ. ಮುಚ್ಚಿದ್ರೆ ಮತ್ತೆ ಆಯ್ತು” ಎಂದರು.

ಮುಂದಿನ ಸಲ ನಾನು ಏನು ಬರೆದೆನೋ. ಬೆರಳಿಗೂ ಅವಸರವಿತ್ತು. ಕಿರುಚಾಟ ನಿಂತಿತು, ಫಲಕ ಬರಲಿಲ್ಲ. ಬೂದು ಕಿಟಕಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ನಾವು ಇಂಟರ್‌ನೆಟ್ಟಿನಲ್ಲಿದ್ದೆವು.

ನನ್ನ ಇ-ಮೇಲಿನ ಪುಟ ಮೇಲಿನಿಂದ ಕೆಳಗೆ ಚಾಪೆ ಬಿಚ್ಚಿದ ಹಾಗೆ ನಿಧಾನವಾಗಿ ತೆರೆಯಿತು. ಫ್ಲಾಪಿಯಿಂದ ಫೋಟೋ ಸೇರಿಸಿದೆ. ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟ ಮಗು, ಹಿಂದೆ ಸ್ಟುಡಿಯೋದ ಜಲಪಾತ. ಕಳುಹಿಸು ಎಂಬುದನ್ನು ಗಿರಿಜಕ್ಕನ ಕೈಯಿಂದಲೇ ಒತ್ತಿಸಿದೆ. ನೀಲಿ ಪಟ್ಟಿಯೊಂದು ಇಷ್ಟಿಷ್ಟೇ ತೆವಳತೊಡಗಿತು. ಪಟ್ಟಿ ಕೊನೆಗೆ ಮುಟ್ಟಿತು, ಅಥವಾ ಮುಟ್ಟುವುದರಲ್ಲಿತ್ತು. ಪರದೆ ಬೆಳ್ಳಗಾಯಿತು. ಫೋನ್ ರಿಂಗಾಯಿತು.

“ಮಾಷೇ, ಫೋಟೋ ಹೋಯ್ತಾ?” ಎಂದರು ಮೊಯ್ದುಚ್ಚ.

ಒಂದು ಮಾತಿನ ನಡುವೆ ಇನ್ನೊಂದು ಫೋನ್ ಬರಲಿ ಎಂದು ದೊಡ್ಡಸ್ತಿಕೆಗೆ ನಾನು ಕಾಲ್ ವೈಟಿಂಗ್ ಹಾಕಿಸಿಕೊಂಡಿದ್ದೆ. ಅದೇ ಮೊಯ್ದುಚ್ಚನನ್ನು ಒಳಬಿಟ್ಟು ನಮ್ಮ ಸಂಪರ್ಕವನ್ನು ಕಡಿದುಹಾಕಿತು. ಕಂಪನಿಯ ಸಾಫ್ಟ್‌ವೇರ್ ಆಗಿದ್ದರೆ ಅದನ್ನು ಮೊದಲೇ ಬಂದ್ ಮಾಡುತ್ತಿತ್ತಂತೆ. ಗಿರಿಜಕ್ಕ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು, ಬಿಳಿ ಪರದೆಯನ್ನೇ ನೋಡುತ್ತ, “ಹೋಯ್ತು, ಹೋಯ್ತು. ನೀವು ಇದ್ದ ಕಾರಣ ಆಯ್ತು ನೋಡಿ” ಎಂದರು. ಶಿರಿಯದಲ್ಲಿ ಮೊಯ್ದುಚ್ಚ ಯಾರಿಗೋ ಜೋರಾಗಿ ಹೇಳಿದ್ದು ನಮಗೂ ಕೇಳಿಸಿತು: “ಹೋಯ್ತಂತೆ!”

ಮತ್ತೆ ಪ್ರಯತ್ನಿಸಿದೆ. ಹೆಸರಿನ ಜಾಗದಲ್ಲಿ ಏನು ಬರೆದಿದ್ದೆನೆಂದು ನೆನಪಿಗೆ ಬರಲಿಲ್ಲ. ಬರೆದದ್ದನ್ನು ಉಳಿಸು ಎಂಬ ಚೌಕಕ್ಕೆ ನಾನು ಟಿಕ್ ಹಾಕಿರಲಿಲ್ಲ. ಮರುದಿನ ಬಸ್ಸು ಹೊರಟ ಮೇಲೆ ಮಂಗಳೂರಿಗೆ ಹೋಗಿ ನನ್ನ ಇ-ಮೇಲನ್ನು ತೆರೆದು ನೋಡಿದೆ. ಕಳುಹಿಸಿದ್ದರ ಪ್ರತಿ ಇಡಬೇಕೆ ಎಂಬ ಚೌಕಕ್ಕೂ ಟಿಕ್ ಹಾಕಿರಲಿಲ್ಲ.

ಹರತಾಳದ ಸಂಜೆಯೇ ನಮ್ಮ ಮನೆಗೆ ಸಂಜೀವನ ಫೋನ್ ಬಂದಿತ್ತು. ಗಿರಿಜಕ್ಕ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ಕೇಳಿದರು. “ನೋಡಿದ್ರಂತೆ. ಚಂದ ಉಂಟಂತೆ” ಎಂದು ನಮ್ಮ ಕಡೆ ತಿರುಗಿ ಹೇಳುವಾಗ ಕಣ್ಣು ತುಂಬಿತ್ತು. ಸಂತೋಷದಿಂದ ಮನೆಗೆ ಹೋದರು. ನಾನು ಮಾತ್ರ ಹೊಸ್ತಿಲಲ್ಲಿ ನಿಂತು ಯೋಚಿಸಿದೆ: ಚಂದ ಉಂಟು ಎನ್ನುವುದಕ್ಕೆ ಫೋಟೋ ಬೇಕೇ?

ಸಂಜೀವ ಬಹಳ ಸಮಯದ ಮೇಲೆ ಊರಿಗೆ ಬಂದ. ಒಂದು ದಿನ ಒಬ್ಬನೇ ಸಿಕ್ಕಾಗ ಕೇಳಿಯೇಬಿಟ್ಟೆ. ಅವನು ತಲೆ ಕೆರೆದುಕೊಂಡ. “ನೋಡಿದೆ ಅಂತ ಹೇಳಿದ್ದು ನೆನಪುಂಟು ಮಾಷ್ಟ್ರೇ. ನೋಡಿದ್ದು ನೆನಪಿಲ್ಲ” ಎಂದ. ನೋಡಿ ಮರೆತದ್ದೋ, ನೋಡದೆ ಹೇಳಿದ್ದೋ ಎಂದು ನಾನು ಮತ್ತೆ ಕೇಳಬಹುದಿತ್ತು. ಅಷ್ಟರಲ್ಲಿ ಮಗಳು ಓಡಿ ಬಂದು ಅವನ ಬೆನ್ನೇರಿದಳು. ಅವನು ಅವಳನ್ನು ಹೊತ್ತುಕೊಂಡು ಹೋದ.

ಫೋಟೋ ತಲುಪಿತೆಂದು ಗಿರಿಜಕ್ಕ ಹೇಳುತ್ತಾರೆ, ಶಾರದೆ ಹೇಳುತ್ತಾಳೆ, ಮೊಯ್ದುಚ್ಚನಂತೂ ಶಿರಿಯಕ್ಕೆಲ್ಲ ಹೇಳಿರಬೇಕು. ನನಗೆ ಗೊತ್ತಿಲ್ಲ.