ಅವ್ವ ಒಗೆದ ಬಿಳಿ ಬಟ್ಟೆ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಹಿಂದೂಪುರದಲ್ಲಿ ಇಂಥ ಗಾಡಿಗಳು ಬೇಕಾದಷ್ಟಿವೆ, ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಮೊನ್ನೆ ಶನಿವಾರ ನಾನು ಅಲ್ಲಿ ನಿಂತಿದ್ದಾಗ ಗಾಡಿಯವನು ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆದ. ಹಬೆ ಎದ್ದಿತು, ಜೊತೆಗೆ ಆ ವಾಸನೆಯೂ ಬಂತು. ಅನ್ನದ ಗಂಜಿ ಒಂದಿಷ್ಟು ಹುಳಿಯಾಗಿ, ಬಿಸಿಲಲ್ಲಿ ಒಣಗಿ, ಬಿಸಿ ಕಬ್ಬಿಣ ತಾಗಿದೊಡನೆ ಬರುವ ವಾಸನೆ. ನಿಮ್ಮ ಮನೆಯಲ್ಲೂ ಗಂಜಿ ಹಾಕುವ ರೂಢಿ ಇದ್ದರೆ ನಿಮಗೆ ಗೊತ್ತಿರುತ್ತದೆ. ನಿಮಗೆ ಅದು ಬಟ್ಟೆಯ ವಾಸನೆ, ನನಗೆ ನಮ್ಮವ್ವನ ವಾಸನೆ.

ಆ ಬಟ್ಟೆ ನಮ್ಮ ಚರ್ಚಿನದು. ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಕರ್ತನ ಭೋಜನ ನಡೆಯುತ್ತದೆ. ಯೇಸುವಿನ ಮರಣವನ್ನು ನೆನೆದು ಸಭೆಯವರೆಲ್ಲ ಒಂದು ಚೂರು ರೊಟ್ಟಿ ತಿಂದು ಒಂದು ಗುಟುಕು ದ್ರಾಕ್ಷಾರಸ ಕುಡಿಯುವುದು. ಅವನ್ನು ಇಡುವ ಮೇಜಿಗೆ ಹಾಸುವ ಬಟ್ಟೆ ಇದು. ಪಾಸ್ಟರಮ್ಮ ಗೋರಂಟ್ಲದ ತವರಿಗೆ ಹೊರಟಿದ್ದ ಅವಸರದಲ್ಲಿ "ಈ ಸಲ ನೀವೇ ಒಗೆದು ತಂದುಬಿಡಿ ಅಕ್ಕಾ" ಎಂದು ನನ್ನ ಕೈಗೆ ತುರುಕಿ ಹೋಗಿದ್ದರು. ಆಗುವುದಿಲ್ಲ ಎನ್ನಲು ನನಗೆ ಕಾರಣವಿತ್ತು, ಬಾಯಿ ಬರಲಿಲ್ಲ. ಆ ಕಾರಣ ಹೇಳಬೇಕಾದರೆ ಕಲ್ಯಾಣದುರ್ಗಕ್ಕೆ ಹೋಗಬೇಕು.

ಅಪ್ಪ ಕಲ್ಯಾಣದುರ್ಗದ ಒಂದು ಕಡ್ಲೆಕಾಯಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಪ್ಪ, ಅವ್ವ ಇಬ್ಬರೂ ಸೆಟ್ಟೂರು ಕಡೆಯವರು, ಮನೆಮಾತು ಕನ್ನಡ. ಮಿಲ್ಲಿನಲ್ಲಿ ಜೊತೆಗೆ ದುಡಿಯುತ್ತಿದ್ದವರೊಬ್ಬರ ಮಾತು ಕೇಳಿ ಅಪ್ಪ ಚರ್ಚಿಗೆ ಹೋದ. ಅಪ್ಪನ ಹಿಂದೆ ಅವ್ವ ಹೋದಳು. ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಅಲ್ಲಿ ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲ ತೆಲುಗಿನಲ್ಲಿ. ಅವ್ವನಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು, ಸಂತೆಯಲ್ಲಿ ಜಗಳವಾಡುವಷ್ಟು. ಆದರೂ ಒಬ್ಬಳೇ ಪ್ರಾರ್ಥಿಸುವಾಗ ಕನ್ನಡವೇ. "ತೆಲುಗಲ್ಲಿ ಹೇಳುದ್ರೆ ಅಯ್ಯನೋರ ತಾವ ಮಾತಾಡ್ದಂಗೆ ಆಯ್ತದೆ" ಎನ್ನುತ್ತಿದ್ದಳು. ಅಯ್ಯನೋರು ಅಂದರೆ ಪಾಸ್ಟರು.

ಆ ಚರ್ಚಿನ ಮೇಜಿನ ಬಟ್ಟೆಯನ್ನು ಒಗೆಯುವ ಕೆಲಸ ಅದು ಹೇಗೋ ಅವ್ವನ ಪಾಲಿಗೆ ಬಂತು. ಬಂದ ಮೇಲೆ ಅದು ಕೆಲಸವಾಗಿ ಉಳಿಯಲಿಲ್ಲ. ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹೊಟ್ಟೆಗೆ ಏನೂ ಇಲ್ಲದೆ, ಅದಕ್ಕೆಂದೇ ಇಟ್ಟಿದ್ದ ಅಲ್ಯೂಮಿನಿಯಂ ಬೋಗುಣಿಯಲ್ಲಿ ನೆನೆಹಾಕುವಳು. ಆ ಬೋಗುಣಿಯಲ್ಲಿ ನಮ್ಮ ಬಟ್ಟೆ ಅದ್ದುವಂತಿರಲಿಲ್ಲ. ನೀಲಿ ಹಾಕಿ, ಗಂಜಿ ಹಾಕಿ, ನೆರಳು ಬೀಳದ ಕಡೆ ಒಣಗಹಾಕಿ ಕಾಯುತ್ತ ಕೂರುವಳು. ಮಡಿಸುವಾಗ ಮಾತ್ರ ಸೆರಗನ್ನು ಬಾಯಿ ಮೂಗಿಗೆ ಸುತ್ತಿ ಬಿಗಿದುಕೊಳ್ಳುವಳು. ಉಸಿರು ತಾಗಬಾರದಂತೆ. ಅಪ್ಪ ಗೇಲಿ ಮಾಡುತ್ತಿದ್ದ: "ಊರಿಗೇ ಒಂದು ದಾರಿ ಆದ್ರೆ ಎಡವಟ್ಟಂಗೇ ಒಂದು ದಾರಿ. ಗುಡಿ ಬಿಟ್ಟು ಬಂದ್ರೂ ಮಡಿ ಬಿಡಾಕಿಲ್ಲ ಇವ್ಳು." ಅವ್ವ ಸೆರಗಿನೊಳಗಿಂದಲೇ ಏನೋ ಅನ್ನುತ್ತಿದ್ದಳು, ಕೇಳಿಸುತ್ತಿರಲಿಲ್ಲ.

ಇಷ್ಟು ಭಕ್ತಿಯಿಂದ ಬಟ್ಟೆ ಒಗೆಯುತ್ತಿದ್ದವಳು ಆ ಬಟ್ಟೆಯ ಮೇಲಿಟ್ಟ ರೊಟ್ಟಿಯನ್ನು ಮಾತ್ರ ತಿನ್ನುತ್ತಿರಲಿಲ್ಲ. ಚರ್ಚಿನಲ್ಲಿ ಅವಳ ಜಾಗ ಬಾಗಿಲ ಪಕ್ಕದ ಚಾಪೆ, ಎಲ್ಲರೂ ಚಪ್ಪಲಿ ಬಿಟ್ಟಿರುತ್ತಿದ್ದ ಕಡೆ. ಎಲ್ಲರೂ ಮೇಜಿನ ಕಡೆ ಎದ್ದು ಹೋಗುವಾಗ ಅವಳು ತಲೆ ಬಗ್ಗಿಸಿ ಕೂತಿರುತ್ತಿದ್ದಳು. ಚಿಕ್ಕಂದಿನಲ್ಲಿ ನಾನು, ಅವ್ವ ಚಪ್ಪಲಿ ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ.

ನನ್ನ ಗತ್ತು ಬೇರೆಯೇ. ಕೂಸಾಗಿದ್ದಾಗ ನನಗೆ ಅಮ್ಮ ಆಗಿ, ಅಂದರೆ ದಡಾರ ಎದ್ದು, ಸಾಯುವ ಸ್ಥಿತಿಗೆ ಹೋಗಿದ್ದೆನಂತೆ. ಸಭೆಯೆಲ್ಲ ಸೇರಿ ಪ್ರಾರ್ಥಿಸಿ ಬದುಕಿಸಿಕೊಂಡಿತಂತೆ. ಅಪ್ಪ ಪ್ರತಿವರ್ಷವೂ ಎದ್ದು ನಿಂತು ಇದನ್ನು ಸಾಕ್ಷಿ ಹೇಳುತ್ತಿದ್ದ, ನನ್ನನ್ನು ಎತ್ತಿ ತೋರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಈ ಹೆಗ್ಗಣ ಇಡೀ ಸಭೆಗೇ ಮುದ್ದಾಗಿತ್ತು. ನನ್ನ ಹೆಸರು ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಪ್ರಾರ್ಥನೆಯ ಕೂಸು ಎಂದೇ ಕರೆಯುತ್ತಿದ್ದರು. ಕ್ರಿಸ್‌ಮಸ್ಸಿಗೆ ನನಗೆ ಎರಡು ಸಲ ಕೇಕು ಸಿಗುತ್ತಿತ್ತು. ದೇವರಿಗೆ ನನ್ನ ಗುರುತು ಚೆನ್ನಾಗಿದೆ ಎಂಬ ಧೈರ್ಯದಲ್ಲೇ ಬೆಳೆದೆ.

ಇಸವಿ ಎರಡು ಸಾವಿರ ದಾಟಿತು. ಅಷ್ಟರಲ್ಲಿ ನಾನು ಮದುವೆಯಾಗಿ ಹಿಂದೂಪುರಕ್ಕೆ ಬಂದು, ಇಲ್ಲಿ ಹೊಲಿಗೆ ಮಾಡಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಬಂದಳು. ಬರುವಾಗ ತಂದ ಗಂಟಿನಲ್ಲಿ ಆ ಬೋಗುಣಿಯೂ ಇತ್ತು. ಇಲ್ಲಿಯ ಚರ್ಚಿನ ಮೇಜಿನ ಬಟ್ಟೆಯೂ ಅವಳ ಪಾಲಿಗೇ ಬಂತು. ಇಲ್ಲಿಯ ಪಾಸ್ಟರು ಆಗ ಇನ್ನೂ ಹೊಸಬರು, ವಯಸ್ಸೂ ಚಿಕ್ಕದು. ಅವ್ವ ಬಂದ ಮೊದಲನೆಯ ಭೋಜನದ ಭಾನುವಾರ ಅವರು ದೇವರ ಪರಿಶುದ್ಧತೆಯ ಬಗ್ಗೆ ಪ್ರಸಂಗ ಮಾಡಿದರು. ಹಿಂದೆ ದೇವಾಲಯದ ಒಳಕೋಣೆಗೆ ಪರದೆ ಬಿಟ್ಟಿದ್ದರೆಂದೂ, ಯೇಸು ಪ್ರಾಣ ಬಿಟ್ಟಾಗ ಅದು ಮೇಲಿನಿಂದ ಕೆಳಗಿನ ತನಕ ಹರಿಯಿತೆಂದೂ, ಇನ್ನು ಯಾರು ಬೇಕಾದರೂ ಹತ್ತಿರ ಬರಬಹುದೆಂದೂ ಹೇಳಿದರು. ನಾನು ಬಾಗಿಲ ಕಡೆ ನೋಡಿದೆ. ಅವ್ವ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಆದರೆ ಏಳಲಿಲ್ಲ.

ಅವತ್ತು ಮಧ್ಯಾಹ್ನ ಇಬ್ಬರೂ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದೆವು. ಪರದೆ ಹರಿದುಹೋಗಿ ಇಷ್ಟು ಕಾಲವಾದರೂ ನೀನು ಯಾಕೆ ಹೊರಗೇ ಕೂತಿದ್ದೀಯ ಎಂದು ಕೇಳಿದೆ. ಅವ್ವ ಸಿಪ್ಪೆಯನ್ನು ಮೊರದ ಒಂದು ಮೂಲೆಗೆ ತಳ್ಳುತ್ತ ಹೇಳಿದಳು:

"ನಿಂಗೆ ಅಮ್ಮ ಆಗಿತ್ತಲ್ಲ. ಮೈಯೆಲ್ಲ ಎದ್ದಿತ್ತು, ಹಾಲು ಕುಡಿಯಾದು ಬಿಟ್ಟಿದ್ದೆ. ಎಲ್ರೂ ಪ್ರಾರ್ಥನೆ ಮಾಡುದ್ರು, ನಾನೂ ಮಾಡ್ದೆ. ನೀನು ಕಣ್ಣೇ ಬಿಡ್ಲಿಲ್ಲ. ನಿಮ್ಮಪ್ಪ ಮಿಲ್ಲಿಗೆ ಹೋದ್ಮ್ಯಾಲೆ ನಿನ್ನ ಸೆರಗಲ್ಲಿ ಸುತ್ಕಂಡು ಸೆಟ್ಟೂರು ಬಸ್ಸು ಹತ್ಬುಟ್ಟೆ. ನಮ್ಮೂರ ಮಾರಮ್ಮನ ಮುಂದೆ ಹಾಕಿ, ಉಳಿಸ್ಕೊಡು ತಾಯಿ, ತಂಬಿಟ್ಟಿನ ಆರತಿ ತತ್ತೀನಿ ಅಂದೆ. ಮಾರ್ನೇ ದಿನ ನೀನು ಕಣ್ಣು ಬಿಟ್ಟೆ. ಆರತೀನೂ ಕದ್ದು ಹೋಗಿ ತೀರಿಸ್ದೆ."

ನನ್ನ ಕೈ ನಿಂತುಹೋಯಿತು. ಯಾರು ಉಳಿಸಿದ್ದು ಹಾಗಾದರೆ ಎಂದು ಕೇಳಿದೆ.

"ಅದು ನಂಗೇನು ಗೊತ್ತಮ್ಮ. ಆತನೇ ಇರ್ಬೇಕು, ಉಳಿಸಾದು ಆತನ್ನ ಬಿಟ್ಟು ಇನ್ಯಾರು. ಆದ್ರೆ ನಾನು ಬಿಟ್ಟು ಹೋಗಿದ್ದು ನಿಜ ತಾನೆ."

"ಹೋಗ್ಲಿ ಬಿಡವ್ವ, ಹಳೇ ಕತೆ. ತಪ್ಪಾಯ್ತು ಅಂದ್ಬುಡು, ಆತ ಕ್ಷಮಿಸ್ತಾನೆ."

"ತಪ್ಪಾಯ್ತು ಅನ್ನಾದಕ್ಕೆ ಅಂಗೆ ಅನ್ನಿಸ್ಬೇಕಲ್ಲ ಕಣಮ್ಮ. ನಿನ್ ಮಕ ನೋಡ್ದಾಗ್ಲೆಲ್ಲ ಅನ್ನಿಸಾಕಿಲ್ಲ. ಅಂಥ ಗಳಿಗೆ ಇನ್ನೊಂದ್ಸಲ ಬಂದ್ರೆ ಇನ್ನೊಂದ್ಸಲ ಹೋಯ್ತೀನಿ. ಇದನ್ನ ಒಳಗೆ ಮಡಿಕ್ಕಂಡು ಅಂಥ ಪರಿಶುದ್ಧನ ಮುಂದೆ ಬಾಯಲ್ಲಿ ಇನ್ನೊಂದು ಹೇಳ್ಲಾ? ಸುಳ್ಳು ಹೇಳಿ ಹತ್ರ ಹೋಗಾದ್ಕಿಂತ ನಿಜ ಇಟ್ಕಂಡು ದೂರ ಕೂರಾದು ವಾಸಿ."

ಇಷ್ಟು ಹೇಳಿ ಮತ್ತೆ ಕಡ್ಲೆಕಾಯಿ ಕೈಗೆ ತೆಗೆದುಕೊಂಡಳು. ಅಪ್ಪ ನನ್ನನ್ನು ಎತ್ತಿ ತೋರಿಸುತ್ತಿದ್ದ ಆ ವರ್ಷಗಳಲ್ಲೆಲ್ಲ ಅವ್ವ ಬಾಗಿಲಲ್ಲಿ ಕೂತು ಏನನ್ನು ನುಂಗಿಕೊಳ್ಳುತ್ತಿದ್ದಳು ಎಂಬುದು ಆಗ ಗೊತ್ತಾಯಿತು. ದೇವರ ದೊಡ್ಡ ಕೃಪೆಗೆ ನಾನು ಸಾಕ್ಷಿ ಎಂದುಕೊಂಡು ಬೆಳೆದವಳು ನಾನು. ಅವ್ವನಿಗೂ ದೇವರಿಗೂ ನಡುವೆ ಬಿದ್ದ ಪರದೆಯೂ ನಾನೇ ಆಗಿದ್ದೆ. ನಾನು ಬದುಕಿರುವ ತನಕ ಅದು ಹರಿಯುವ ಹಾಗಿರಲಿಲ್ಲ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯದೆ ಒಳಗೆ ಹೋಗಿ ಹೊಲಿಗೆ ಮೆಷಿನ್ ತುಳಿದೆ. ದಾರವನ್ನೇ ಹಾಕಿರಲಿಲ್ಲ.

ಅವ್ವನ ಒಪ್ಪಿಗೆ ಕೇಳಿಯೇ ಪಾಸ್ಟರಿಗೆ ವಿಷಯ ತಿಳಿಸಿದೆ. ಅವರು ಮನೆಗೆ ಬಂದು ಚಾಪೆಯ ಮೇಲೆ ಅವ್ವನ ಎದುರಿಗೇ ಕೂತರು. ಒಳ್ಳೆಯ ಮನುಷ್ಯ. "ಒಕ್ಕ ಮಾಟ ಚಾಲಮ್ಮಾ" ಎಂದರು, ಒಂದೇ ಮಾತು ಸಾಕು, ತಪ್ಪಾಯಿತು ಅಂದುಬಿಡಿ ಎಂದು. ಅವ್ವ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು, ತೆಲುಗಿನಲ್ಲಿ. ಪಾಸ್ಟರು, ಹಾಗಾದರೆ ಆ ಮಾತನ್ನೂ ಹಿಡಿದುಕೊಂಡೇ ಬನ್ನಿ ಅಮ್ಮಾ, ಅನ್ನಿಸದ್ದನ್ನು ಅನ್ನಿಸುತ್ತಿಲ್ಲ ಎಂದೇ ಆತನಿಗೆ ಹೇಳಿ ಎಂದರು.

"ಅಂಗೂ ಬರ್ಬೌದಾ ಅಯ್ಯ?" ಎಂದು ಅವ್ವ ಕೇಳಿದಳು. ಅಷ್ಟು ಆಸೆಯಿಂದ ಅವಳು ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪಾಸ್ಟರು ಬಾಯಿ ತೆರೆದರು. ತೆರೆದವರು ಒಂದು ಗಳಿಗೆ ತಡೆದರು. ಓದಿದ್ದೆಲ್ಲ ನೆನಪಾಗಿರಬೇಕು, ರೊಟ್ಟಿ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎನ್ನುವುದೆಲ್ಲ. ಆಮೇಲೆ "ಬರಬಹುದಮ್ಮಾ" ಎಂದರು. ಆದರೆ ಅವ್ವ ಆ ತಡೆದದ್ದನ್ನು ನೋಡಿಬಿಟ್ಟಿದ್ದಳು. ನಕ್ಕು, ಮಜ್ಜಿಗೆ ತರಲು ಎದ್ದು ಹೋದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಪೂಜಾರಿಯೂ ಕೊಡಲು ಬಂದಿದ್ದರು. ಕೊಡುವ ಕೈ ಒಂದಿಷ್ಟು ತಡೆಯಿತು, ಅಷ್ಟೆ.

ಆ ಮೇಲೆ ಅವ್ವ ಬಟ್ಟೆ ಒಗೆಯುವುದನ್ನು ಬಿಡಲಿಲ್ಲ, ಚಾಪೆ ಬಿಟ್ಟು ಏಳಲೂ ಇಲ್ಲ. ಕೆಲವು ವರ್ಷ ಹಾಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ, ಕೈ ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಪಾಸ್ಟರು ರೊಟ್ಟಿ, ರಸ ಎರಡನ್ನೂ ಮನೆಗೇ ತಂದರು. ಹಾಸಿಗೆಯ ಪಕ್ಕದ ಸ್ಟೂಲಿಗೆ ಅವ್ವ ಒಗೆದಿಟ್ಟಿದ್ದ ಅದೇ ಬಟ್ಟೆಯನ್ನು ಮಡಿಸಿ ಹಾಸಿದೆ. ಈ ಸಲ ಪಾಸ್ಟರು ತಡೆಯಲಿಲ್ಲ. ತಗೊಳ್ಳಮ್ಮಾ ಎಂದು ಅವ್ವನ ಬಾಯಿಯ ಹತ್ತಿರಕ್ಕೇ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು.

ಅವ್ವ ರೊಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸೆರಗನ್ನು ಬಾಯಿಗೆ ಎಳೆದುಕೊಳ್ಳಲು ಹೋದಳು, ಕೈ ಮೇಲಕ್ಕೆ ಬರಲಿಲ್ಲ.

"ಇರ್ಲಿ ಬುಡಿ ಅಯ್ಯ" ಎಂದಳು. "ಬರ್ಬೌದಾ ಅಂತ ನಾನೇ ಹೋಗಿ ಆತನ್ನೇ ಕೇಳ್ತೀನಿ. ಇನ್ನೆಷ್ಟು ದೂರ ಐತೆ."

ಆ ವಾರವೇ ಹೋದಳು. ಆತ ಏನೆಂದನೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುವವರು ಸಮಾಧಾನಕ್ಕೆ ಬಹಳ ಜನ ಬಂದರು. ಅವರೆಲ್ಲರಿಗೂ ಕಾಫಿ ಮಾಡಿಕೊಟ್ಟೆ.

ಅವತ್ತಿನಿಂದ ನಾನು ಬಾಗಿಲ ಪಕ್ಕದ ಚಾಪೆಯಲ್ಲಿ ಕೂರುತ್ತಿದ್ದೆ. ಅವ್ವನಿಗೆ ಸಿಗದ ಊಟಕ್ಕೆ, ಅದು ಸಿಗದೆ ಹೋಗಲು ಕಾರಣಳಾದ ನಾನೇ ಎದ್ದು ಹೋಗುವುದು ಹೇಗೆ? ಎಷ್ಟೋ ವರ್ಷ ಹಾಗೆ ಕಳೆದವು. ಪ್ರಾರ್ಥನೆಯ ಕೂಸಿಗೆ ತಲೆ ನರೆತದ್ದೂ ಅಲ್ಲೇ.

ಮೊನ್ನೆ ಶನಿವಾರ ಇಸ್ತ್ರಿಯವನು ಬಟ್ಟೆ ಮಡಿಸಿ ಕೊಟ್ಟಾಗ ಅದು ಇನ್ನೂ ಬಿಸಿಯಾಗಿತ್ತು. ಅವ್ವನಂತೆ ದೂರ ಹಿಡಿದುಕೊಂಡೇ ಮನೆಯ ತನಕ ಬಂದೆ. ಬಾಗಿಲು ಹಾಕಿಕೊಂಡ ಮೇಲೆ ಏನಾಯಿತೋ, ಆ ಬಟ್ಟೆಯಲ್ಲಿ ಮುಖ ಹುದುಗಿಸಿಬಿಟ್ಟೆ. ಅವ್ವ ಉಸಿರೂ ತಾಗಿಸದಿದ್ದ ಬಟ್ಟೆಗೆ ನನ್ನ ಕಣ್ಣೀರು, ಮೂಗು ಎಲ್ಲ ಆಯಿತು. ಗಂಜಿ ಇದ್ದ ಕಡೆ ನೀರು ಬಿದ್ದು ಕಲೆ ಕಟ್ಟಿತು. ಮತ್ತೆ ಒಗೆಯಲು ಹೊತ್ತಿತ್ತು. ಒಗೆಯಲು ಮನಸ್ಸು ಬರಲಿಲ್ಲ, ಹಾಗೇ ಒಯ್ದು ಮೇಜಿಗೆ ಹಾಸಿದೆ.

ನಿನ್ನೆ ಪಾಸ್ಟರು ರೊಟ್ಟಿಯ ತಟ್ಟೆ ತಂದು ಬಟ್ಟೆಯನ್ನು ನೋಡಿದರು. ಕಲೆಯ ಮೇಲೆಯೇ ಇಟ್ಟರು. ಅವರಿಗೂ ಈಗ ವಯಸ್ಸಾಗಿದೆ. ಸಭೆಯವರು ಒಬ್ಬೊಬ್ಬರಾಗಿ ಏಳತೊಡಗಿದರು. ನಾನೂ ಎದ್ದೆ. ಮೊಣಕಾಲು ಹಿಡಿದುಕೊಂಡು ಚಪ್ಪಲಿಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತ, ಅವ್ವನ ಮಾತಿನಲ್ಲೇ ಹೇಳಿಕೊಂಡೆ: "ನಾನು ಆ ಹರಕೆ ಕೂಸು ಕಣಪ್ಪ. ಅವ್ಳು ಹೋಗಿದ್ದು ತಪ್ಪು ಅಂತ ನನ್ ಬಾಯಲ್ಲೂ ಬರಾಕಿಲ್ಲ. ಬದುಕ್ದೆ ಅಂತ ನಂಗೂ ಬ್ಯಾಸ್ರ ಇಲ್ಲ. ಇದನ್ನ ಹಿಡ್ಕಂಡೇ ಬಂದಿವ್ನಿ, ಬ್ಯಾಡ ಅನ್ನಂಗಿದ್ರೆ ಈಗ್ಲೇ ಅನ್ನು."

ಯಾರೂ ಏನೂ ಅನ್ನಲಿಲ್ಲ. ಪಾಸ್ಟರು ರೊಟ್ಟಿಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಬಾಯಿಗೆ ಹಾಕಿಕೊಂಡು ತಿರುಗಿ ನೋಡಿದೆ. ಬಾಗಿಲ ಪಕ್ಕದ ಚಾಪೆ ಖಾಲಿ ಇತ್ತು.